ಫರಸಿ ಕಲ್ಲಿನ ಮೀನು

ಕೂಸಿಗೆ ಎರೆಯಲು ಬಚ್ಚಲಿನಲ್ಲಿ ಒಂದು ನುಣುಪಾದ ಕಲ್ಲು ಬೇಕು ಎಂದು ಸೋಮನಿಂಗ ಮಾಸ್ತರಿಗೆ ಹೊಳೆದದ್ದೇ ತಪ್ಪಾಯಿತು. ಹೊಳೆಯದೆ ಇದ್ದಿದ್ದರೆ ಆ ಶನಿವಾರವೂ ಬಸವನ ಬಾಗೇವಾಡಿಯ ಉಳಿದ ಶನಿವಾರಗಳಂತೆ ಮುಂಜಾನೆಯ ಶಾಲೆ, ಮಧ್ಯಾಹ್ನದ ನಿದ್ದೆಯಲ್ಲಿ ಮುಗಿದುಹೋಗುತ್ತಿತ್ತು.

ಅಂದು ಸಂಜೆಯ ಬಸ್ಸಿಗೆ ಅವರ ಹೆಂಡತಿ ಚಂದವ್ವ ಬಾಣಂತನ ಮುಗಿಸಿಕೊಂಡು ತವರೂರು ಇಂಡಿಯಿಂದ ಬರುವವಳಿದ್ದಳು. ಇಷ್ಟು ದಿನ ಅವಳು ಬರದೆ ಇದ್ದದ್ದಕ್ಕೆ ಕಾರಣ ಕೂಸಲ್ಲ, ಮನೆ. ಮುದ್ದೇಬಿಹಾಳದಿಂದ ವರ್ಗವಾಗಿ ಬಂದ ಮಾಸ್ತರು ಖಾನಾವಳಿಯ ಹಿಂದಿನ ಕೋಣೆಯೊಂದರಲ್ಲಿ ಹಾಸಿಗೆ ಸುತ್ತಿ ಬಿಚ್ಚಿ ದಿನ ತಳ್ಳುತ್ತಿದ್ದರು. ಮನೆ ಎನ್ನುವಂಥದ್ದು ಸಿಕ್ಕ ಮೇಲೆಯೇ ತಾನು ಬರುವುದು ಎಂದು ಚಂದವ್ವ ಇಂಡಿಯಿಂದ ಖಡಾಖಂಡಿತವಾಗಿ ಹೇಳಿ ಕಳಿಸಿದ್ದಳು. ಊರೆಲ್ಲ ಅಲೆದು ಚಪ್ಪಲಿ ಸವೆದ ಮೇಲೆ ಶೇಂಗಾ ವ್ಯಾಪಾರಿ ಶ್ರೀಶೈಲಪ್ಪ ಸಾವಕಾರರು ತಮ್ಮ ವಾಡೆಯ ಮುಂದಿನ ಎರಡು ಕೋಣೆ ಬಾಡಿಗೆಗೆ ಕೊಟ್ಟರು. ಕರಾರು ಒಂದೇ: ಮಾಂಸ, ಮೀನು, ತತ್ತಿ ಹೊಸ್ತಿಲು ದಾಟಬಾರದು. ತತ್ತಿಯ ವಾಸನೆಗೇ ಹೊಟ್ಟೆ ತೊಳಸುವ ಮಾಸ್ತರು ನಕ್ಕು ಒಪ್ಪಿಕೊಂಡರು. ಅದು ಎಂಥ ಓಣಿ ಎಂದರೆ ಅಲ್ಲಿ ಕೋಳಿ ಕೂಡ ತಲೆ ತಗ್ಗಿಸಿಕೊಂಡು ಹೋಗುತ್ತಿತ್ತು.

ಸಾವಕಾರರ ಅಡಿಗೆಮನೆಗೆ ಈಚೆಗಷ್ಟೇ ತಾಳಿಕೋಟೆಯ ಫರಸಿ ಕಲ್ಲು ಹಾಸಿದ್ದರು. ಉಳಿದ ಒಂದು ಹಾಸುಗಲ್ಲು ಹಿತ್ತಲಲ್ಲಿ ಬಿದ್ದಿತ್ತು. ಶಾಲೆಗೆ ಹೊರಡುವ ಮೊದಲು, ಸಾವಕಾರರ ಹೆಂಡತಿ ಗುರವ್ವನನ್ನು ಕೇಳಿ ಮಾಸ್ತರು ಅದನ್ನು ಎತ್ತಿಕೊಂಡರು. ಮಣ್ಣು ಹೋಗಲೆಂದು ಒಂದು ತಂಬಿಗೆ ನೀರು ಸುರಿದರು. ನೀರು ಬಿದ್ದದ್ದೇ ತಡ, ಕಲ್ಲಿನಲ್ಲಿ ಮೀನು ಮೂಡಿತು.

ಒಂದು ಮೊಳ ಉದ್ದದ ಮೀನು. ದಪ್ಪ ತಲೆ, ನಡುವೆ ಬೆನ್ನೆಲುಬು, ಅದರ ಎರಡೂ ಕಡೆಗೆ ಬಾಚಣಿಕೆಯ ಹಲ್ಲಿನಂತೆ ಪಕ್ಕೆಲುಬು, ಕೊನೆಗೆ ಸೀಳಿದ ಬಾಲ. ಮಾಸ್ತರ ಕೈಯಲ್ಲಿನ ತಂಬಿಗೆ ಕೆಳಗೆ ಬಿತ್ತು.

ಬೇರೆ ಯಾರಾದರೂ ಆಗಿದ್ದರೆ ಕಲ್ಲು ಬಚ್ಚಲಿಗೆ ಹಾಕಿ ಸುಮ್ಮನಾಗುತ್ತಿದ್ದರು. ಇವರು ವಿಜ್ಞಾನದ ಮಾಸ್ತರು. ಮನುಷ್ಯ ಹುಟ್ಟುವ ಮೊದಲು, ಆನೆ ಹುಟ್ಟುವ ಮೊದಲು, ಹುಲ್ಲು ಕೂಡ ಹುಟ್ಟುವ ಮೊದಲು ತಲೆಯ ಮೇಲೆ ಎಲುಬಿನ ಕವಚ ತೊಟ್ಟ ಮೀನುಗಳು ಸಮುದ್ರವನ್ನು ಆಳುತ್ತಿದ್ದವು. ಅವಕ್ಕೆ ಹಲ್ಲಿರಲಿಲ್ಲ, ದವಡೆಯ ಅಂಚೇ ಕತ್ತರಿಯಂತಿತ್ತು. ಈಗ ಅವುಗಳ ವಂಶವೇ ಅಳಿದು ಕಲ್ಲಿನಲ್ಲಿ ಅಚ್ಚು ಮಾತ್ರ ಉಳಿದಿದೆ ಎಂದು ಅವರು ವರ್ಷ ವರ್ಷ ಪಾಠ ಮಾಡುತ್ತಿದ್ದರು. ಹುಡುಗರು ವರ್ಷ ವರ್ಷ ಆಕಳಿಸುತ್ತಿದ್ದರು. ಅಂಥದರಲ್ಲೊಂದು ತಾನಾಗಿ ಅವರ ಬಚ್ಚಲಿಗೆ ಬಂದಿತ್ತು. ಮಾಸ್ತರು ಅದನ್ನು ಒಳಗೆ ಒಯ್ದು ಪಡಸಾಲೆಯ ಗೋಡೆಗೆ ಒರಗಿಸಿ ಮದುಮಗಳನ್ನು ನೋಡುವಂತೆ ನೋಡುತ್ತ ಕೂತರು.

ಪಕ್ಕದ ಮನೆಯ ಲಕ್ಕವ್ವ ಮಾಸ್ತರ ಹೆಂಡತಿ ಯಾವ ಬಸ್ಸಿಗೆ ಬರುತ್ತಾಳೆ ಎಂದು ಕೇಳುವ ನೆಪದಲ್ಲಿ ಇಣುಕಿದಳು. ಓಣಿಯ ಯಾವ ಮನೆಯಲ್ಲಿ ಒಗ್ಗರಣೆ ಸೀದರೂ ಮೊದಲು ಆಕೆಗೆ ಗೊತ್ತಾಗುತ್ತಿತ್ತು. ಗೋಡೆಗೆ ಒರಗಿಸಿದ್ದೇನು ಎಂದು ಕೇಳಿದಳು. ಮೀನು ಎಂದರು ಮಾಸ್ತರು, ಹೆಮ್ಮೆಯಿಂದ. ಅವರು ಅಂಗಿ ತೊಟ್ಟು ಗುಂಡಿ ಹಾಕಿಕೊಳ್ಳುವಷ್ಟರಲ್ಲಿ ಮಾಸ್ತರು ಮನೆಯೊಳಗೆ ಮೀನು ತಂದ ಸುದ್ದಿ ಓಣಿಯ ತುದಿ ಮುಟ್ಟಿತ್ತು. ಲಕ್ಕವ್ವನ ಬಾಯಲ್ಲಿ ಅದಕ್ಕೆ ವಾಸನೆಯೂ ಬಂದಿತ್ತು.

ಶ್ರೀಶೈಲಪ್ಪನವರು ಬಂದರು. ದೊಡ್ಡ ಮೈ, ಸಣ್ಣ ದನಿ. ಹೊಸ್ತಿಲ ಆಚೆಯೇ ನಿಂತರು. ಅವರ ಹಿಂದೆ ಅರ್ಧ ಓಣಿ ನಿಂತಿತ್ತು.

"ಮಾಸ್ತರ, ಒಳಗ ಮೀನು ಐತಂತಲ್ರಿ?"

"ಐತ್ರಿ. ಬರ್ರಿ, ತೋರಿಸ್ತೇನಿ. ನಲವತ್ತು ಕೋಟಿ ವರ್ಷದ ಹಿಂದ ಸತ್ತೈತ್ರಿ."

"ಸತ್ತು ಎಷ್ಟು ವರ್ಷ ಆದ್ರೇನ್ರಿ, ಮೀನು ಮೀನ."

ಮಾಸ್ತರು ಬಿಡಿಸಿ ಹೇಳಿದರು. ಇದರಲ್ಲಿ ಮಾಂಸವಿಲ್ಲ, ರಕ್ತವಿಲ್ಲ, ಎಲುಬು ಕೂಡ ಕಲ್ಲಾಗಿ ಹೋಗಿದೆ, ಬೇಕಾದರೆ ಮೂಸಿ ನೋಡಿ ಎಂದರು. ಯಾರೂ ಮೂಸಲು ಮುಂದೆ ಬರಲಿಲ್ಲ. ಆದರೆ ಸಾವಕಾರರ ಮುಖ ಸಡಿಲಾಯಿತು. ಅವರು ಕೆಟ್ಟ ಮನುಷ್ಯರಲ್ಲ. ಓಣಿಯ ಬಾಯಿಗೆ ಅಂಜುವ ಮನುಷ್ಯರು, ಅಷ್ಟೇ.

"ಹಂಗಾರ ಕಲ್ಲು ಅನ್ರಿ ಮತ್ತ. ಇದು ಮೀನಲ್ಲ, ಬರೇ ಕಲ್ಲು ಅಂತ ಈ ಮಂದಿ ಮುಂದ ಒಂದು ಮಾತು ಅಂದ್ಬಿಡ್ರಿ. ಮುಗೀತು."

ಇದಕ್ಕಿಂತ ಸೋವಿಯಲ್ಲಿ ಯಾರಿಗೂ ಮನೆ ಉಳಿಯುವುದಿಲ್ಲ. ಮಾಸ್ತರು ಕಲ್ಲಿನ ಕಡೆ ನೋಡಿದರು. ಇಷ್ಟು ಕಾಲ ಬಾಯಿ ಮುಚ್ಚಿಕೊಂಡು ಮಲಗಿ ಈಗ ಮೇಲೆ ಬಂದ ಪ್ರಾಣಿಗೆ, ನೀನು ನೀನೇ ಅಲ್ಲ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ.

"ಕಲ್ಲೂ ಹೌದ್ರಿ, ಮೀನೂ ಹೌದ್ರಿ. ಮೀನಲ್ಲ ಅಂತ ನಾ ಅನ್ನಂಗಿಲ್ಲ. ಸಾಲ್ಯಾಗ ಕಲಿಸಿದ್ದು ಓಣ್ಯಾಗ ನುಂಗಾಕ ನನಗ ಬರಂಗಿಲ್ಲ."

ಸಾವಕಾರರು ಸಣ್ಣ ದನಿಯಲ್ಲೇ ಹೇಳಿದರು: ದೀಪ ಹಚ್ಚುವ ಹೊತ್ತಿನೊಳಗೆ ಮಾಸ್ತರು ಆ ಮಾತು ಅನ್ನಬೇಕು, ಇಲ್ಲದಿದ್ದರೆ ಮನೆ ಖಾಲಿ ಮಾಡಬೇಕು. ಕಲ್ಲಂತೂ ಈಗಲೇ ಹೊರಗೆ ಹೋಗಬೇಕು.

ಮಾಸ್ತರು ಕಲ್ಲನ್ನು ಟವೆಲ್ಲಿನಲ್ಲಿ ಸುತ್ತಿ ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು ಶಾಲೆಗೆ ಹೊರಟರು. ದಾರಿಯಲ್ಲಿ ಕೇಳಿದವರಿಗೆಲ್ಲ ಮೀನು, ಮೀನು ಎಂದು ಸೈಕಲ್ ಗಂಟೆ ಬಾರಿಸಿದಂತೆ ಹೇಳುತ್ತ ಹೋದರು. ಕಿರಾಣಿ ಅಂಗಡಿಯವನು ಮೂಗು ಮುಚ್ಚಿಕೊಂಡ. ಮಾಸ್ತರಿಗೆ ಇನ್ನಷ್ಟು ಹುರುಪು ಬಂತು. ಶಾಲೆಯ ಕಪಾಟಿನಲ್ಲಿ ಗಾಜಿನ ಹಿಂದೆ ಮೀನು, ಕೆಳಗೆ ಒಂದು ಚೀಟಿ, ಅದನ್ನು ನೋಡಿದ ಸಾವಕಾರರು ಬಂದು ಕ್ಷಮೆ ಕೇಳುವುದು, ಎಲ್ಲವೂ ಅವರ ಕಣ್ಣ ಮುಂದೆ ಕಟ್ಟಿತು.

ಹೆಡ್ ಮಾಸ್ತರು ಬಸಂತರಾಯರು ಧಾರವಾಡದಲ್ಲಿ ಭೂವಿಜ್ಞಾನ ಓದಿದವರು. ಕನ್ನಡಕ ಹಣೆಗೇರಿಸಿ ಕಲ್ಲಿನ ಮೇಲೆ ಬಾಗಿದರು, ಉಗುರಿನಿಂದ ಕೆರೆದರು, ನಾಲಿಗೆಗೂ ತಾಗಿಸಿದರು. ಆಮೇಲೆ ನಕ್ಕರು. ತಾಳಿಕೋಟೆಯ ಈ ಸುಣ್ಣಗಲ್ಲು ಆದದ್ದು ಮೀನು ಎಂಬ ಪ್ರಾಣಿ ಭೂಮಿಗೆ ಬರುವ ಎಷ್ಟೋ ಕೋಟಿ ವರ್ಷ ಮೊದಲು. ಇದರಲ್ಲಿ ಮೀನಲ್ಲ, ಮೀನಿನ ಮುತ್ತಜ್ಜ ಸಿಗುವುದೂ ಕಷ್ಟ. ಪದರಿನ ಸಂದಿಯಲ್ಲಿ ಖನಿಜದ ನೀರು ಇಳಿದು ಗಿಡದ ಟೊಂಗೆಯಂತೆ, ಎಲುಬಿನಂತೆ ಕಲೆ ಬಿಡುವುದುಂಟು, ಇದು ಅದೇ ಎಂದು ವಿವರಿಸಿದರು.

ಮಾಸ್ತರು ಕಲ್ಲಿಗೆ ಮತ್ತೆ ಟವೆಲ್ಲು ಸುತ್ತತೊಡಗಿದರು.

"ಅದು ಬಂದು ಕುಂತೈತಲ್ರಿ ಸರ್. ನೀ ಇನ್ನೂ ಹುಟ್ಟಿಲ್ಲ ಅಂತ ಅದಕ್ಕ ನೀವ ಹೇಳ್ರಿ."

ಓಣಿಯ ಗದ್ದಲ ಆಗಲೇ ಕಿವಿಗೆ ಬಿದ್ದಿದ್ದ ಬಸಂತರಾಯರಿಗೆ ಸಿಟ್ಟೂ ಬಂತು, ಮರುಕವೂ ಬಂತು. ಮನೆಗೆ ಹೋಗಿ ಇದು ಮೀನಲ್ಲ ಎಂದು ಹೇಳಿ ಸುಖವಾಗಿರಿ, ಈಗ ವಿಜ್ಞಾನವೂ ನಿಮ್ಮ ಬೆನ್ನಿಗಿದೆ ಎಂದು ಬುದ್ಧಿ ಹೇಳಿದರು. ಸಾವಕಾರರು ಅನ್ನಿ ಎಂದದ್ದನ್ನೇ ವಿಜ್ಞಾನವೂ ಹೇಳಿದ ಮೇಲೆ ತಿಳಿದ ಮನುಷ್ಯ ಸುಮ್ಮನಾಗಬೇಕು. ನಮ್ಮ ಮಾಸ್ತರಿಗೆ ಅಲ್ಲಿಂದಲೇ ಹಟ ಗಟ್ಟಿಯಾಯಿತು. ಎದೆಯೊಳಗೆ ಮಾತ್ರ ಮೊದಲ ಸಲ ಒಂದು ಅನುಮಾನದ ಹುಳ ಹೊಕ್ಕಿತು. ಈ ಕಲ್ಲು ತಾಳಿಕೋಟೆಯದೇ ಅಲ್ಲದಿದ್ದರೆ? ಬೇರೆ ಎಲ್ಲಿಂದಲೋ ಬಂದದ್ದಾದರೆ ಬಸಂತರಾಯರ ಲೆಕ್ಕವೇ ಬುಡಮೇಲು.

ಶಾಲೆ ಬಿಟ್ಟೊಡನೆ ಫರಸಿ ಹಾಸಿದ ಗೌಂಡಿ ನಬಿಲಾಲನನ್ನು ಹುಡುಕಿಕೊಂಡು ಹೋದರು. ಅವನು ಬಸ್ ನಿಲ್ದಾಣದ ಹತ್ತಿರ ಒಂದು ಗೋಡೆ ಕಟ್ಟುತ್ತಿದ್ದ. ಕಲ್ಲನ್ನು ನೋಡಿದ ಕೂಡಲೇ ಗುರುತು ಹಿಡಿದ.

"ತಾಳಿಕೋಟಿ ಕಲ್ಲ್ರಿ ಮಾಸ್ತರ, ನಾನ ಆರಿಸಿ ತಂದದ್ದು. ದಪ್ಪ ಇತ್ತಂತ ಉಳಿ ಹಚ್ಚಿ ಎರಡು ಹೋಳು ಮಾಡೇನ್ರಿ. ಎರಡರ ಮ್ಯಾಲೂ ಇದ ಡಾಗು ಇತ್ತು. ಒಂದು ಸಾವ್ಕಾರ್ರ ಒಲಿ ಮುಂದ ಕೂಡಿಸೇನಿ, ಡಾಗು ತೆಳಗ ಮಾಡಿ. ಮ್ಯಾಲ ಮಾಡಿದ್ರ ಮನಿಯವರು ಬೈತಾರ."

ಮೀನನ್ನು ಡಾಗು, ಬರೀ ಕಲೆ ಎಂದದ್ದು ಮಾಸ್ತರಿಗೆ ನೋವಾಯಿತು, ತಾಳಿಕೋಟೆ ಎಂದದ್ದು ಇನ್ನೂ ನೋವಾಯಿತು. ಆದರೆ ಉಳಿದ ಮಾತು ಕಿವಿಗೆ ಹಾಲು ಸಕ್ಕರೆಯಾಯಿತು. ಕಲ್ಲು ಸೀಳಿದಾಗ ಒಳಗಿನ ಪ್ರಾಣಿಯ ಅಚ್ಚು ಎರಡೂ ಹೋಳಿನಲ್ಲಿ ಉಳಿಯುತ್ತದೆ ಎಂದು ಅವರು ಪುಸ್ತಕದಲ್ಲಿ ಓದಿದ್ದರು. ಎಂದರೆ ಮೀನಿನ ಇನ್ನೊಂದು ಮಗ್ಗುಲು ಶ್ರೀಶೈಲಪ್ಪ ಸಾವಕಾರರ ಅಡಿಗೆಮನೆಯಲ್ಲಿತ್ತು. ಮಾಸ್ತರು ಸೈಕಲ್ ಏರಿ ಸೀಟಿ ಹೊಡೆಯುತ್ತ ಓಣಿಗೆ ಬಂದರು.

ಅಲ್ಲಿ ಗುರವ್ವ ಅವರ ಕೋಣೆಗಳನ್ನು ತೊಳೆಸಿ, ಗಂಜಲ ಚಿಮುಕಿಸಿ, ಬಾಗಿಲಿಗೆ ವಿಭೂತಿ ಎಳೆಸಿ ಮುಗಿಸಿದ್ದಳು. ತೊಳೆಯುವಾಗ ಹೊರಗಿಟ್ಟ ಮಾಸ್ತರ ಟ್ರಂಕು, ಹಾಸಿಗೆ, ಸ್ಟೋವು ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದವು. ಮಾಸ್ತರು ಅವುಗಳ ಪಕ್ಕದಲ್ಲಿ ಮೀನಿನ ಕಲ್ಲನ್ನಿಟ್ಟು ತಾವೂ ಕೂತು ದೀಪ ಹಚ್ಚುವ ಹೊತ್ತಿಗೆ ಕಾದರು.

ಆ ಹೊತ್ತಿಗೆ ಸರಿಯಾಗಿ ಟಾಂಗಾ ಬಂತು. ಚಂದವ್ವ ಕೂಸನ್ನು ಎದೆಗವಚಿಕೊಂಡು ಇಳಿದಳು. ಮನೆ ಆಗಿದೆ ಎಂದು ಕರೆಸಿಕೊಂಡ ಗಂಡ ಕಟ್ಟೆಯ ಮೇಲೆ ಸಂಸಾರ ಹರವಿಕೊಂಡು ಕೂತಿದ್ದ, ಸುತ್ತ ಓಣಿಯೆಲ್ಲ ನೆರೆದಿತ್ತು. ಅವಳು ಟಾಂಗಾದವನಿಗೆ ಸ್ವಲ್ಪ ನಿಲ್ಲು ಎಂದಳು.

ಸಾವಕಾರರು ಬಂದು ಕಡೆಯ ಸಲ ಕೇಳಿದರು. ಮಾಸ್ತರು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು.

"ಇದು ಮೀನ್ರಿ. ಇದರ ಇನ್ನೊಂದು ಹೋಳು ನಿಮ್ಮ ಒಲಿ ಮುಂದ ಐತ್ರಿ, ಬೋರಲ ಮಲಗೈತಿ. ನಬಿಲಾಲನ್ನ ಕೇಳ್ರಿ. ನನ್ನ ಮನಿಗೆ ಮೀನು ಬಂದಿದ್ರ ನಿಮ್ಮ ಮನಿಗೂ ಬಂದೈತಿ."

ಗುರವ್ವ ಇದ್ದಲ್ಲೇ ಕುಸಿದು ಕೂತಳು. ಕಳೆದ ಸೋಮವಾರವಷ್ಟೇ ಆ ಕಲ್ಲಿನ ಮೇಲೆ ಕೂತು ರೊಟ್ಟಿ ಬಡಿದು ಮನೆಗೆ ಬಂದ ಸ್ವಾಮಿಗಳಿಗೆ ಎಡೆ ಮಾಡಿದ್ದಳು. ಸಾವಕಾರರು ಮಾಸ್ತರ ತೋಳು ಹಿಡಿದು ಮೂಲೆಗೆ ಎಳೆದುಕೊಂಡು ಹೋದರು. ಅವರ ಸಣ್ಣ ದನಿ ಈಗ ಪಿಸುಮಾತಿಗಿಳಿದಿತ್ತು.

"ಮಾಸ್ತರ, ಮೀನಲ್ಲ ಅನ್ರಿ. ಕೈ ಮುಗಿತೇನಿ. ಅಂದು ನಿಮ್ಮ ಸಾಮಾನ ಒಳಗ ಇಟ್ಕೋರಿ."

ಮಾಸ್ತರು ಗೆದ್ದಿದ್ದರು. ಮನೆ ಅವರ ನಾಲಿಗೆಯ ತುದಿಯಲ್ಲಿತ್ತು. ಮೀನಲ್ಲ ಎನ್ನಲು ಈಗ ಹೆಡ್ ಮಾಸ್ತರ ಅಪ್ಪಣೆಯೂ ಇತ್ತು. ಎದುರಿಗೆ ಚಂದವ್ವ ನಿಂತಿದ್ದಳು, ಕೂಸು ಅಳುತ್ತಿತ್ತು. ಅವರು ಕೆಮ್ಮಿ, ಓಣಿಯ ಕಡೆ ತಿರುಗಿ ಬಾಯಿ ತೆರೆದರು.

"ಈಗ ಅಲ್ಲ ಅಂತಾರ ನೋಡ್ರಿ," ಎಂದಳು ಲಕ್ಕವ್ವ, "ಹೇಣ್ತಿ ಬಂದಳಲ್ಲ."

"ಮೀನು," ಎಂದರು ಮಾಸ್ತರು.

ಶ್ರೀಶೈಲಪ್ಪನವರು ಮಾಸ್ತರ ತೋಳು ಬಿಟ್ಟರು. ತಾವೇ ಮುಂಜಾನೆಯಿಂದ ಓಣಿಯ ಮುಂದೆ ಮೀನು ಮೀನ ಎಂದು ನ್ಯಾಯ ಹೇಳಿದವರು, ಈಗ ಹಿಂದೆ ಸರಿಯುವಂತಿರಲಿಲ್ಲ. ಮಾತಾಡಿದಾಗ ಅವರ ಮುಖ ಶಾಂತವಾಗಿತ್ತು.

"ನಿಮ್ಮ ಮಾತಿನ ಮ್ಯಾಲ ನನಗ ಪೂರಾ ನಂಬಿಗಿ ಐತ್ರಿ ಮಾಸ್ತರ. ಮನಿ ಹೋದ್ರೂ ಸುಳ್ಳು ಹೇಳದ ಮನಷ್ಯಾ ಮೀನು ಅಂದ್ರ ಅದು ಮೀನ. ಇನ್ನ ಆ ಅಡಗಿ ಮನ್ಯಾಗ ನಾವು ಉಣ್ಣೂದು ಹೆಂಗ?"

ಫರಸಿಯನ್ನೆಲ್ಲ ಕಿತ್ತು, ಬೇರೆ ಹಾಸಿ, ಸ್ವಾಮಿಗಳನ್ನು ಕರೆಸಿ ಶುದ್ಧ ಮಾಡುವವರೆಗೆ ಸಾವಕಾರರ ತುಂಬಿದ ಸಂಸಾರ ಎಲ್ಲಿ ಒಲೆ ಹೂಡಬೇಕು? ಇಡೀ ವಾಡೆಯಲ್ಲಿ ಮೀನು ಹೊರಗೆ ಹೋಗಿ, ತೊಳೆದು, ವಿಭೂತಿ ಎಳೆದ ಜಾಗ ಎಂದರೆ ಮುಂದಿನ ಎರಡು ಕೋಣೆ ಮಾತ್ರ. ಮಾಸ್ತರು ಅದು ತಮ್ಮ ಮನೆ ಎಂದು ಹೇಳಲು ಹೊರಡುವಷ್ಟರಲ್ಲಿ ಗುರವ್ವನ ಕೊಡ, ಕೊಪ್ಪರಿಗೆ, ಹಿಟ್ಟಿನ ಡಬ್ಬಿ ಅವರ ಪಕ್ಕದಿಂದಲೇ ಒಳಗೆ ಹೋದವು. ಓಣಿಯ ಮಂದಿ ಕೈಜೋಡಿಸಿದರು. ಲಕ್ಕವ್ವ ಸಾವಕಾರರ ಮನೆಯ ತೊಟ್ಟಿಲು ಹೊತ್ತಳು. ಬಾಗಿಲು ಹಾಕಿಕೊಳ್ಳುವ ಮುನ್ನ ಗುರವ್ವ, ಕಲ್ಲನ್ನು ಹೊಸ್ತಿಲಿನಿಂದ ಇನ್ನಷ್ಟು ದೂರ ಸರಿಸಬೇಕೆಂದು ಮರ್ಯಾದೆಯಿಂದಲೇ ಕೇಳಿಕೊಂಡಳು.

ಮಾಸ್ತರು ಸರಿಸಿದರು. ಚಂದವ್ವ ಟಾಂಗಾದವನನ್ನು ಇನ್ನೂ ಕಳಿಸಿರಲಿಲ್ಲ. ಬಂದು ಕಟ್ಟೆಯ ಮೇಲೆ ಕೂತು, ಕೂಸನ್ನು ಗಂಡನ ತೊಡೆಗೆ ಹಾಕಿ, ಕಲ್ಲನ್ನು ದಿಟ್ಟಿಸಿ ನೋಡಿದಳು.

"ಖರೇನ ಮೀನನ್ರಿ ಇದು?"

ಮುಂಜಾನೆಯಿಂದ ಊರಿಗೆಲ್ಲ ಕೂಗಿ ಹೇಳಿದ ಮಾಸ್ತರು ಈಗ ಪಿಸುಗುಟ್ಟಿದರು. ಹೆಡ್ ಮಾಸ್ತರು ಅಲ್ಲ ಎನ್ನುತ್ತಾರೆ, ಅವರು ಧಾರವಾಡದಲ್ಲಿ ಓದಿದವರು, ನನಗೂ ಒಂದಿಷ್ಟು ಅನುಮಾನವಿದೆ ಎಂದರು.

"ಅಲ್ಲದಿದ್ರೂ ಹೌದ ಅನ್ರಿ," ಎಂದಳು ಚಂದವ್ವ. "ಮೀನಿನ ಸಲುವಾಗಿ ಮನಿ ಬಿಟ್ರು ಅಂದ್ರ ಅದೊಂದು ಮಾತು. ಕಲ್ಲಿನ ಡಾಗಿನ ಸಲುವಾಗಿ ಬಿಟ್ರು ಅಂದ್ರ ಇಂಡ್ಯಾಗ ನಾ ಹೆಂಗ ಮುಖ ತೋರಿಸ್ಲಿ?"

ಅವರು ಟ್ರಂಕು, ಹಾಸಿಗೆ, ಸ್ಟೋವು ಎಲ್ಲವನ್ನೂ ಟಾಂಗಾಕ್ಕೆ ಏರಿಸಿದರು. ಖಾನಾವಳಿಯ ಹಿಂದಿನ ಕೋಣೆ ಇನ್ನೂ ಖಾಲಿ ಇರಬಹುದು ಎಂದರು ಮಾಸ್ತರು. ಕೊನೆಗೆ ಕಲ್ಲನ್ನು ಎತ್ತಿ ಇಡುವಾಗ, ಇಷ್ಟು ಭಾರದ್ದು ಅದೇನು ಎಂದು ಟಾಂಗಾದವನು ಕೇಳಿದ. ಮಾಸ್ತರು ಹೆಂಡತಿಯ ಮುಖ ನೋಡಿದರು.

"ಮೀನು," ಎಂದಳು ಚಂದವ್ವ, ಮುಚ್ಚಿದ ಬಾಗಿಲಿಗೂ ಕೇಳುವಂತೆ.