ನಾನು ತಿಂದ ಸರ್ಕಾರಿ ಬಿಸ್ಕತ್ತು

ಒಬ್ಬೊಬ್ಬರಿಗೆ ಒಂದೊಂದು ಚಟ ಇರುತ್ತದೆ. ಕೆಲವರಿಗೆ ಎಲೆಅಡಿಕೆ, ಕೆಲವರಿಗೆ ಇಸ್ಪೀಟು, ಇನ್ನು ಕೆಲವರಿಗೆ ಊರವರ ವಿಚಾರ. ನನಗೆ ಅದಾವುದೂ ಇಲ್ಲ. ನನ್ನದು ಒಂದೇ ದೌರ್ಬಲ್ಯ: ಯಾರಾದರೂ ಚಹಾದ ಜೊತೆ ಬಿಸ್ಕತ್ತಿನ ತಟ್ಟೆ ಮುಂದಿಟ್ಟರೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ವಿಮಾ ಕಚೇರಿಯಲ್ಲಿ ಕೆಲಸ ಮಾಡುವವನು ನಾನು. ಸತ್ತವರ ಮನೆಗೆ ಕ್ಲೇಮಿನ ಕಾಗದ ಹಿಡಿದು ಹೋದಾಗಲೂ ಅವರು ಅಳುತ್ತ ತಟ್ಟೆ ಸರಿಸುತ್ತಾರೆ, ನಾನು ಸಂತಾಪ ಸೂಚಿಸುತ್ತ ಕೈ ಚಾಚುತ್ತೇನೆ. "ಈ ನಾಲಿಗಿ ಚಪಲದಿಂದ ಒಂದಿನ ನನ್ನ ತವರು ಮನಿ ಮರ್ಯಾದಿ ಕಳೀತೀರಿ ನೀವು" ಎಂದು ಹೆಂಡತಿ ಗಂಗಾ ಎಷ್ಟೋ ಸಲ ಹೇಳಿದ್ದಳು. ಹೆಂಡತಿ ಹೇಳಿದ್ದನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡರೆ ಸಂಸಾರ ನಡೆಯುತ್ತದೆಯೇ? ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಹೋದ ತಿಂಗಳು ನಾನು ಕಳೆಯಲು ಹೊರಟಿದ್ದು ಬರೀ ಮರ್ಯಾದೆಯನ್ನಲ್ಲ, ಅವಳ ತವರೂರಿನ ಇಡೀ ಮಡ್ಡಿಯನ್ನು.

ಮಡ್ಡಿ ಎಂದರೆ ಏನೆಂದು ಮುಂಬೈಯ ಸಯನ್ನಿನ ಚಾಳಿನಲ್ಲಿ ಹುಟ್ಟಿ ಬೆಳೆದ ನನಗೂ ಮದುವೆಯಾಗುವ ತನಕ ಗೊತ್ತಿರಲಿಲ್ಲ. ಗಂಗಾಳ ಊರು ಮಡ್ಡಿಹಾಳ, ಮಳೆ ನೆಂಟರ ಹಾಗೆ ಬಂದು ಹೋಗುವ ಉತ್ತರದ ಒಣ ಸೀಮೆ. ಊರ ಮೇಲುಗಡೆ ಕಲ್ಲು ಮಿಶ್ರಿತ ಗಟ್ಟಿ ದಿಬ್ಬವೊಂದಿದೆ. ಅದೇ ಮಡ್ಡಿ. ಅಲ್ಲಿ ಏನೂ ಬೆಳೆಯುವುದಿಲ್ಲ ಎಂದು ನನ್ನಂಥವರಿಗೆ ಕಾಣುತ್ತದೆ. ಊರವರನ್ನು ಕೇಳಿದರೆ ಕುರಿ ಮೇಯುವುದು ಅಲ್ಲಿ, ಸೀತಾಫಲ ಸಿಗುವುದು ಅಲ್ಲಿ, ಬಿದ್ದ ನಾಲ್ಕು ಹನಿ ಹರಿದು ಊರಿನ ಬಾವಿಗಳಿಗೆ ಇಳಿಯುವುದೂ ಅಲ್ಲಿಂದಲೇ. ಕಳೆದ ವರ್ಷ ಜೀಪಿನಲ್ಲಿ ಬಂದ ಅಧಿಕಾರಿಗಳ ನಕಾಶೆಯಲ್ಲಿ ಮಾತ್ರ ಅದು "ಖಾಲಿ ಜಾಗ" ಆಗಿತ್ತಂತೆ. ಅಣು ವಿದ್ಯುತ್ತು ತಯಾರಿಸಿದ ಮೇಲೆ ಉಳಿಯುವ ಕಸವನ್ನು ದಪ್ಪ ದಪ್ಪ ಪೆಟ್ಟಿಗೆಗಳಲ್ಲಿ ತುಂಬಿ ಆ ಮಡ್ಡಿಯ ಬಂಡೆಯೊಳಗೆ ಇಡುವ ಯೋಚನೆ ಇದೆ, ಏನೂ ಅಪಾಯವಿಲ್ಲ, ಹೆದರಬೇಡಿ ಎಂದು ಹೇಳಿ ಹೋದರು. ಹೆದರಬೇಡಿ ಎಂದು ಯಾರಾದರೂ ಹೇಳಿದ ಮೇಲೆಯೇ ಅಲ್ಲವೇ ಮನುಷ್ಯ ಹೆದರುವುದು? ಊರಿಗೆ ಊರೇ ಬೇಡ ಎಂದು ಕೂತಿತು. ಮಾತಿನ ಕೊನೆಗೆ ಅಧಿಕಾರಿಗಳು, ಸಂಶಯ ಇದ್ದವರು ಮುಂಬೈಯ ನಮ್ಮ ಕಚೇರಿಗೆ ಬಂದು ಕೇಳಬಹುದು ಎಂದೂ ಅಂದಿದ್ದರು. ಯಾರೂ ಬರಲಿಕ್ಕಿಲ್ಲ ಎಂಬ ಧೈರ್ಯದಿಂದ ಹೇಳುವ ಮಾತು ಅದು. ನಾನೂ ನೆಂಟರಿಗೆ "ಮುಂಬೈಗೆ ಬಂದರೆ ನಮ್ಮಲ್ಲೇ ಇಳೀರಿ" ಎಂದು ಅದೇ ಧೈರ್ಯದಿಂದ ಹೇಳುತ್ತಿರುತ್ತೇನೆ.

ಅವರು ಬಂದರು. ಚೆಂಬೂರಿನ ನಮ್ಮ ಬಿಲ್ಡಿಂಗಿನ ಮೊದಲ ಮಹಡಿಯ ಬಾಗಿಲು ಬಡಿದಾಗ ತೆರೆದವನು ನಾನೇ. ಬಿಳಿ ರುಮಾಲಿನ ನಿಂಗಪ್ಪ ಮಾವ, ಅಂದರೆ ಗಂಗಾಳ ಕಾಕಾ, ಊರ ಹಿರಿಯ. ಅವರ ಹಿಂದೆ ತಲೆಯ ಮೇಲೆ ರೊಟ್ಟಿಯ ಗಂಟು ಹೊತ್ತ ಹಣಮವ್ವ. ಹಣಮವ್ವನ ಕುರಿಗಳು ಹುಟ್ಟಿದಾಗಿನಿಂದ ಆ ಮಡ್ಡಿಯಲ್ಲಿ ಮೇಯ್ದವು, ಆಕೆಯೂ ಹೆಚ್ಚುಕಡಿಮೆ ಅಲ್ಲಿಯೇ ಬೆಳೆದವಳು. ಕುರಿ ಗದರಿಸುವ ದನಿಯಲ್ಲೇ ಆಕೆ ಎಲ್ಲರೊಡನೆ ಮಾತಾಡುವುದು, ಸರ್ಕಾರದೊಡನೆಯೂ.

"ಏನ್ ಮಾವಾರ, ಒಮ್ಮಿಂದೊಮ್ಮೆಲೇ?" ಎಂದೆ, ಅವರ ಮಾತನ್ನೇ ಆಡುವ ಹುಮ್ಮಸ್ಸಿನಲ್ಲಿ.

"ಮನಿ ನೋಡಾಕ ಬಂದೀವ್ರೀ ಅಳಿಯಂದ್ರ" ಎಂದರು ಮಾವ.

ನಮ್ಮ ಮಗಳು ಪಿಂಕಿಗೆ ಹೇಳದೆ ಕೇಳದೆ ವರ ಗೊತ್ತು ಮಾಡಿದರೇನೋ ಎಂದುಕೊಂಡೆ. ಸೋಫಾದಲ್ಲಿದ್ದ ಪಿಂಕಿಯೂ "ಪಪ್ಪಾ, ಕಿಸ್ಕಾ ಘರ್?" ಎಂದು ಎದ್ದು ಕೂತಳು. ಮಾವ ಬಿಡಿಸಿ ಹೇಳಿದರು. ಅವರ ಕಡೆ ಸಂಬಂಧ ಕುದುರಿಸುವ ಮೊದಲು ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಲು ಹೋಗುವ ಪದ್ಧತಿ. ನೀರಿನ ಹರವಿ ತುಂಬಿದೆಯೇ, ದನ ಮೈತುಂಬಿಕೊಂಡಿವೆಯೇ ನೋಡುತ್ತಾರೆ, ಆಮೇಲೆ ಅಕ್ಕಪಕ್ಕದವರನ್ನು ಮೆಲ್ಲಗೆ ವಿಚಾರಿಸುತ್ತಾರೆ. ಒಪ್ಪಿಗೆಯಾದರೆ ಮಾತ್ರ ಆ ಮನೆಯಲ್ಲಿ ಬಾಯಿ ಸಿಹಿ ಮಾಡಿಕೊಳ್ಳುವುದು. ಇಲ್ಲವಾದರೆ ನೀರು ಕುಡಿದು ಎದ್ದು ಬರುವುದು. "ಈ ಕಸ ನಮ್ಮೂರಿಗೆ ಬಂದ್ರ ಮತ್ತ ಹೊಳ್ಳಿ ಹೋಗೂದಲ್ಲಂತ. ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರತೈತಂತ. ಅಂಥಾ ಸಂಬಂಧ ಮನಿ ನೋಡದ ಹೆಂಗ ಮಾಡೂದ್ರೀ? ಈಗ ಅದು ಎಲ್ಲೈತಿ, ಹೆಂಗೈತಿ, ಆಜೂಬಾಜೂದಾವ್ರು ಏನಂತಾರ, ನೋಡೂನು ಅಂತ ಬಂದ್ವಿ."

ಕೇಳಿ ಮೊದಲು ನಗು ಬಂತು. ಎರಡನೇ ಸಲ ಯೋಚಿಸಿದಾಗ ಬರಲಿಲ್ಲ.

ಮರುದಿನ ರಜೆ ಹಾಕಿ ಇಬ್ಬರನ್ನೂ ಆ ಕಚೇರಿಗೆ ಕರೆದುಕೊಂಡು ಹೋದೆ. ದುಭಾಷಿಯೂ ನಾನೇ, ದಾರಿ ತೋರಿಸುವವನೂ ನಾನೇ, ಒಟ್ಟಿನಲ್ಲಿ ಊರ ಅಳಿಯನೆಂಬ ಗತ್ತು ಬೇರೆ. ಒಳಗೆ ಸಿಕ್ಕ ಅಧಿಕಾರಿ ನಿಜವಾಗಿಯೂ ಒಳ್ಳೆಯ ಮನುಷ್ಯ. ಕೂರಿಸಿ ಮಾತಾಡಿಸಿದರು, ಬಣ್ಣದ ಚಿತ್ರಗಳಿದ್ದ ಪುಸ್ತಿಕೆ ಕೊಟ್ಟರು. ಕಸವನ್ನು ಗಾಜಿನ ಜೊತೆ ಕರಗಿಸಿ ಗಟ್ಟಿ ಮಾಡಿ, ಉಕ್ಕಿನ ಡಬ್ಬಿಯಲ್ಲಿಟ್ಟು, ಅದರ ಸುತ್ತ ಇನ್ನೂ ಏನೇನೋ ಇಡುತ್ತಾರೆಂದು ಹಿಂದಿಯಲ್ಲಿ ವಿವರಿಸಿದರು. ನಾನು ಅದನ್ನೆಲ್ಲ ಕನ್ನಡಕ್ಕೆ ತರುತ್ತ ಬೆವೆತೆ. ಮಾವ ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಅಂದರು: "ಎಲ್ಲಾ ಖರೇ ಇರಬಹುದ್ರೀ. ಈಗ ಇರೂ ಮನಿ ಒಂದೀಟು ತೋರಸ್ರಿ." ನಾನು ಹಿಂದಿಗೆ ತಿರುಗಿಸಿದೆ. ಅಧಿಕಾರಿ ಪಾಪ, ಭದ್ರತೆಯ ಕಾರಣದಿಂದ ಹೊರಗಿನವರನ್ನು ಅಲ್ಲಿಗೆ ಬಿಡುವಂತಿಲ್ಲ ಎಂದರು. "ಆಜೂಬಾಜೂದಾವ್ರ ಹೆಸರರ ಹೇಳ್ರಿ, ನಾವ ಹೋಗಿ ಕೇಳತೀವಿ" ಎಂದಳು ಹಣಮವ್ವ. ಅದೂ ಹೇಳುವಂತಿರಲಿಲ್ಲ. "ಮನಿ ತೋರಸೂದಿಲ್ಲ, ಬಾಜೂದಾವ್ರನ್ನ ಕೇಳಗೊಡೂದಿಲ್ಲ. ಇಂಥಾ ಮನಿಗೆ ಹೆಣ್ಣ ಯಾರ ಕೊಡತಾರೋ ಯಪ್ಪಾ?" ಎಂದು ಆಕೆ ನನ್ನನ್ನೇ ಕೇಳಿದಳು, ಆ ಡಬ್ಬಿಗಳನ್ನು ನಾನೇ ತುಂಬಿದವನೆಂಬಂತೆ. ಇದನ್ನು ಹಿಂದಿಗೆ ಹೇಗೆ ತರುವುದೆಂದು ಯೋಚಿಸುತ್ತಿದ್ದಾಗ ಚಹಾ ಬಂತು.

ಮಾವ ಕಪ್ಪನ್ನು ಕೈಯಿಂದ ಹಿಂದೆ ಸರಿಸಿದರು. ಹಣಮವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ನಾನು? ಅನುವಾದ ಮಾಡಿ ಮಾಡಿ ಗಂಟಲು ಒಣಗಿತ್ತು. ಚಹಾ ಏಲಕ್ಕಿ ಹಾಕಿದ್ದು. ಬಿಸ್ಕತ್ತು ಸಕ್ಕರೆ ಉದುರಿಸಿದ್ದು. ಇವರಿಬ್ಬರೂ ತೆಗೆದುಕೊಳ್ಳದಿದ್ದರೆ ಅಧಿಕಾರಿಗೆ ಬೇಸರವಾಗುತ್ತದೆಂದು, ಬರೀ ಶಿಷ್ಟಾಚಾರಕ್ಕೆಂದು, ಒಂದನ್ನು ಅದ್ದಿ ಬಾಯಿಗೆ ಹಾಕಿಕೊಂಡೆ. ಅದರ ಹಿಂದೆಯೇ ಇನ್ನೊಂದು ಹೋಯಿತು. ಅಧಿಕಾರಿ ನನ್ನ ಕಡೆ ನೋಡಿ ಸಮಾಧಾನದಿಂದ ನಕ್ಕರು. ಪಕ್ಕಕ್ಕೆ ತಿರುಗಿದೆ. ಮಾವನ ಮುಖ ಸುಣ್ಣದ ಹಾಗಾಗಿತ್ತು.

ಹೊರಗೆ ಬಂದು ಲೋಕಲ್ ರೈಲಿನಲ್ಲಿ ಕೂತ ಮೇಲೆ ಅವರು ಅಂದರು. "ಹಿಂಗ ಮಾಡಬಾರದಿತ್ರೀ ಅಳಿಯಂದ್ರ. ಬಾಯಿ ಸಿಹಿ ಮಾಡಕೊಂಡ್ರಲ್ರೀ."

"ಮಾವಾರ, ಅದು ಬರೀ ಬಿಸ್ಕೀಟು. ಅವರಿಗೆ ನಿಮ್ಮ ಪದ್ಧತಿ ಗೊತ್ತಿಲ್ಲ."

"ಅವ್ರಿಗಿ ಗೊತ್ತಿಲ್ಲ, ನಮಗ ಗೊತ್ತೈತಲ್ರೀ. ಊರ ಅಳಿಯಾ ತಿಂದ್ರ ಊರ ತಿಂದಂಗ. ನಾಳೆ ಊರಾಗ ಕೇಳಿದ್ರ ನಾ ಏನ ಹೇಳಲಿ? ಮಡ್ಡಿ ಬಿಸ್ಕೀಟಿಗಿ ಕೊಟ್ಟ ಬಂದ್ವಿ ಅನ್ನಲೇನು?"

ಅವರ ದನಿ ನಡುಗುತ್ತಿತ್ತು. ಇದನ್ನು ಮೂಢನಂಬಿಕೆ ಎಂದು ಹೇಳಬೇಕೆಂದಿದ್ದವನು ಆ ದನಿ ಕೇಳಿ ಹೇಳಲಾರದೆ ಹೋದೆ. ಅಪ್ಪ ಅಜ್ಜಂದಿರು ಕುರಿ ಕಾಯ್ದ ನೆಲವನ್ನು ಕಾಪಾಡಲು ಆ ಮನುಷ್ಯನ ಕೈಯಲ್ಲಿದ್ದದ್ದು ಕಾನೂನಲ್ಲ, ವಿಜ್ಞಾನವಲ್ಲ, ಬೇಡ ಎನ್ನುವ ಒಂದು ಮಾತು. ಅದನ್ನು ನಾನು ಚಹಾದಲ್ಲಿ ಅದ್ದಿ ತಿಂದಿದ್ದೆ. ಪರಿಹಾರ ಹುಡುಕಿದವಳು ಹಣಮವ್ವ. ಗಂಟು ಬಿಚ್ಚಿ ರೊಟ್ಟಿಯ ನಡುವಿನಿಂದ ಉದ್ದನೆಯ ಹಸಿಮೆಣಸಿನಕಾಯಿ ತೆಗೆದು, "ತಿನ್ನೋ ಯಪ್ಪಾ. ಖಾರ ಬಿದ್ದ ಮ್ಯಾಲ ಸಿಹಿ ಉಳಿಯೂದಿಲ್ಲ" ಎಂದಳು. ಕುರ್ಲಾ ಸ್ಟೇಷನ್ ದಾಟುವಷ್ಟರಲ್ಲಿ ಅದನ್ನು ತೊಟ್ಟಿನ ತನಕ ತಿಂದು ಮುಗಿಸಿದೆ. ಕಣ್ಣು ಮೂಗಿನಲ್ಲೆಲ್ಲ ನೀರು. ಎದುರಿನ ಸೀಟಿನ ಹುಡುಗಿ, "ಅಂಕಲ್, ಸಬ್ ಠೀಕ್ ಹೈ ನಾ?" ಎಂದು ನೀರಿನ ಬಾಟಲಿ ಚಾಚಿದಳು. "ಈಗ ಕುಡೀಬ್ಯಾಡಾ" ಎಂದು ಹಣಮವ್ವ ಅದನ್ನೂ ತಡೆದಳು. ಮಾವನ ಮುಖ ತುಸು ಸಡಿಲಾಯಿತು.

ಇಲ್ಲಿಗೆ ಮುಗಿದಿದ್ದರೆ ನಾನು ಮರ್ಯಾದೆ ಉಳಿಸಿಕೊಳ್ಳುತ್ತಿದ್ದೆ. ಆದರೆ ಮನೆ ನೋಡಲು ಬಂದವರ ಕಣ್ಣು ಸುಮ್ಮನಿರುತ್ತದೆಯೇ? ಸಂಜೆ ಗಂಗಾ ಹೋಳಿಗೆಗೆ ಹೂರಣ ರುಬ್ಬುತ್ತಿದ್ದಾಗ ಇಬ್ಬರೂ ಬಿಲ್ಡಿಂಗಿನ ಸುತ್ತ ಒಂದು ಸುತ್ತು ಹಾಕಲು ಇಳಿದರು. ಅಲ್ಲಿ ನಮ್ಮ ವಾಚ್‌ಮನ್ ದಸ್ತಗೀರ್ ಸಿಕ್ಕ. ಅವನೂ ಅವರ ಸೀಮೆಯವನೇ. ಹಿಂಭಾಗದ ಗೋಡೆಗೆ ಹೊಂದಿಸಿ ಕಟ್ಟಿದ ಸಣ್ಣ ಕೋಣೆಯಲ್ಲಿ ಹೆಂಡತಿಯೊಡನೆ ಇದ್ದಾನೆ. ನಾನು ಹಾಲು ತರಲು ಇಳಿದಾಗ ಮೂವರೂ ಅವನ ಕೋಣೆಯ ಬಾಗಿಲಲ್ಲಿ ಕೂತು ಹರಟುತ್ತಿದ್ದರು. ಕೋಣೆಯ ಕಿಟಕಿಗೆ ಒತ್ತಿಕೊಂಡು ದೊಡ್ಡದೊಂದು ನೀಲಿ ಡ್ರಮ್ಮು. ನಮ್ಮ ಸೊಸೈಟಿಯ ಎಲ್ಲ ಮನೆಗಳ ಹಸಿ ಕಸ ಕೊಳೆತು ಗೊಬ್ಬರವಾಗುವ ಜಾಗ ಅದು.

"ಅಲ್ಲೋ ತಮ್ಮಾ, ಇಷ್ಟ ನಾರತೈತಿ. ನೀ ಬ್ಯಾಡ ಅನಲಿಲ್ಲೇನು?" ಹಣಮವ್ವ ಕೇಳುತ್ತಿದ್ದಳು.

"ಕ್ಯಾ ಬೋಲ್ನಾ ಅಮ್ಮಾ" ಎಂದ ದಸ್ತಗೀರ್. "ಪಹಿಲೇ ಸಾಹೇಬ್ರ ಕಿಚನ್ ಕಿಡಕಿ ಕೆಳಗ ಇತ್ರಿ. ಸಾಹೇಬ್ರು ಮೀಟಿಂಗ್‌ನಾಗ ಜೋರ್ ಮಾಡಿದ್ರು. ಹಿಂದ ಜಾಗಾ ಖಾಲಿ ಐತಿ, ಅಲ್ಲಿಡ್ರಿ ಅಂದ್ರು. ನನ್ನನ್ಯಾರ ಮೀಟಿಂಗಿಗೆ ಕರೀತಾರ್ರೀ?"

ಯಾವ ಸಾಹೇಬರು ಎಂದು ಹಣಮವ್ವ ಕೇಳಲಿಲ್ಲ. ಹಾಲಿನ ಪ್ಯಾಕೆಟ್ಟು ಹಿಡಿದು ನಿಂತ ನನ್ನನ್ನು ಅವರಾಗಲೇ ನೋಡಿಯಾಗಿತ್ತು. ಅಂದು ಮೀಟಿಂಗಿನಲ್ಲಿ ನಾನು ಆಡಿದ ಮಾತೆಲ್ಲ ನೆನಪಾಯಿತು. ಮುಚ್ಚಳ ಭದ್ರವಾಗಿದೆ, ವಾಸನೆ ಬರುವುದಿಲ್ಲ, ವಿನಾಕಾರಣ ಯಾರೂ ಹೆದರಬೇಕಾಗಿಲ್ಲ ಎಂದೆಲ್ಲ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಆ ಅಧಿಕಾರಿಯಾದರೂ ಗಾಜು, ಉಕ್ಕು ಎಂದಿದ್ದರು. ನನ್ನದು ಪ್ಲಾಸ್ಟಿಕ್ ಡ್ರಮ್ಮು.

ರಾತ್ರಿ ಊಟಕ್ಕೆ ಕೂತೆವು. ಗಂಗಾ ಮಾವನ ತಟ್ಟೆಗೆ ತುಪ್ಪ ಸುರಿದ ಹೋಳಿಗೆ ಬಡಿಸಿದಳು. ಮಾವ ಅದನ್ನು ಮೆತ್ತಗೆ ತೆಗೆದು ಬುಟ್ಟಿಗೆ ವಾಪಸು ಇಟ್ಟು, ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿದರು.

"ಯಾಕ ಕಾಕಾ? ಸಕ್ಕರಿ ಬ್ಯಾನಿ ಐತೇನು ನಿಂಗ?" ಗಂಗಾ ಗಾಬರಿಯಾದಳು.

"ಇಲ್ಲವ್ವ ಮಗಳ" ಎಂದರು ಮಾವ, ತಲೆ ಎತ್ತದೆ. "ನಿನ್ನ ಕೊಡೂ ಮುಂದ ಬೊಂಬಾಯಿ ನೌಕರಿ ಅಂದ ಕೂಡಲೇ ಹೂಂ ಅಂದ್ವಿ. ಮನಿ ನೋಡಾಕ ಯಾರೂ ಬಂದಿರಲಿಲ್ಲ. ಈಗ ನೋಡಾಕ್ಹತ್ತೇವಿ. ಇನ್ನೂ ನೋಡೂದು ಮುಗದಿಲ್ಲ."

ಪಿಂಕಿ ಪಕ್ಕನೆ ನಕ್ಕಳು. ಗಂಗಾ ನಗಲಿಲ್ಲ. ಮದುವೆಯಾಗಿ, ಮಗಳು ನನ್ನ ಹೆಗಲಿಗೆ ಬಂದ ಮೇಲೆ, ನನ್ನ ಸಂಬಂಧ ಇನ್ನೂ ಪಕ್ಕಾ ಆಗಿಲ್ಲವೆಂದು ನನ್ನ ಮನೆಯಲ್ಲೇ ಕೂತು ಕೇಳುವ ಪಾಡು ಯಾವ ಅಳಿಯನಿಗೂ ಬೇಡ. ಮಾವ ಸಿಟ್ಟಿನಿಂದ ಹೇಳಿದ್ದಲ್ಲ, ಬಹಳ ಬೇಸರದಿಂದ ಹೇಳಿದ್ದು. ಮರುದಿನ ಅವರನ್ನು ಗಾಡಿ ಹತ್ತಿಸಿ ಬಂದೆ. ಹೋಳಿಗೆಯ ಡಬ್ಬಿ ಮನೆಯಲ್ಲೇ ಉಳಿಯಿತು. ಅದನ್ನು ತಿನ್ನಲು, ಆಶ್ಚರ್ಯವೆಂದರೆ, ನನಗೂ ಮನಸ್ಸಾಗಲಿಲ್ಲ.

ಆ ಭಾನುವಾರ ದಸ್ತಗೀರನೂ ನಾನೂ ಸೇರಿ ಡ್ರಮ್ಮನ್ನು ಉರುಳಿಸಿಕೊಂಡು ಬಂದು ನಮ್ಮ ಅಡುಗೆಮನೆಯ ಕಿಟಕಿಯ ಕೆಳಗೆ ನಿಲ್ಲಿಸಿದೆವು. ಕಮಿಟಿಯವರು ನನ್ನ ತಲೆ ನೆಟ್ಟಗಿದೆಯೇ ಎಂದು ಕೇಳಿದರು. ಅಲ್ಲಿ ಖಾಲಿ ಜಾಗ ಇಲ್ಲ, ಒಂದು ಮನೆ ಇದೆ ಎಂದೆ. ಇದನ್ನು ಓದಿ ನನ್ನನ್ನು ಮಹಾತ್ಯಾಗಿ ಎಂದುಕೊಳ್ಳಬೇಡಿ. ಬೆಳಿಗ್ಗೆ ಒಗ್ಗರಣೆಯ ಘಮದ ಜೊತೆ ಆ ವಾಸನೆಯೂ ಒಳಗೆ ಬಂದಾಗ ನಾನು ದಿನಾ ಗೊಣಗುತ್ತೇನೆ, ಗಂಗಾ ದಿನಾ "ಕಿಡಕಿ ಮುಚ್ಚರಿ, ಸುಮ್ನ ಇರ್ರಿ" ಎನ್ನುತ್ತಾಳೆ.

ನಿನ್ನೆ ಮಾವನ ಫೋನು ಬಂತು. ಅಧಿಕಾರಿಗಳು ಮತ್ತೆ ಊರಿಗೆ ಬರುತ್ತಾರಂತೆ, ಗುಡಿಯ ಮುಂದೆ ಸಭೆಯಂತೆ. ಊರೆಲ್ಲ ಬೇಡ ಎನ್ನಲು ಸೇರುತ್ತದಂತೆ. ಕೇಳುವರೋ ಇಲ್ಲವೋ ದೇವರೇ ಬಲ್ಲ ಎಂದು ನಿಟ್ಟುಸಿರು ಬಿಟ್ಟರು. ಆಮೇಲೆ, "ಆ ಡ್ರಮ್ಮ ಈಗ ಎಲ್ಲೈತ್ರಿ?" ಎಂದರು.

"ನಮ್ಮ ಕಿಟಕಿ ಕೆಳಗ ಮಾವಾರ."

"ನಾರತೈತೇನು?"

"ಭಾಳ ನಾರತೈತ್ರಿ."

ಆ ಕಡೆ ಮಾವ ನಕ್ಕಿದ್ದು ಕೇಳಿಸಿತು. "ಹಂಗಾದ್ರ ನೀವೂ ಬರ್ರಿ ಊರಿಗೆ. ಅಳಿಯಾ ಬಾಜೂ ನಿಂತ್ರ ನಮಗೂ ಧೈರ್ಯ. ಗಂಗವ್ವಗ ಹೋಳಿಗಿ ಕಟಗೊಂಡ ಬಾ ಅನ್ರಿ, ತಿಂತೀನಿ. ಆದ್ರ ಒಂದ ಮಾತು, ಅವ್ರು ಜೀಪಿನ್ಯಾಗಿಂದ ಏನರ ತಗದ ಕೊಟ್ರ ಮುಟ್ಟಬ್ಯಾಡ್ರಿ."

ಖಂಡಿತ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ. ಆ ಮಾತಿನ ಮೇಲೆ ಗಂಗಾಳಿಗೆ ಅಷ್ಟಾಗಿ ವಿಶ್ವಾಸ ಬಂದಂತಿಲ್ಲ. ನನ್ನ ಚೀಲ ತುಂಬುವಾಗ, ಸಭೆಗೆ ಹಾಕಿಕೊಳ್ಳಲು ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಅವಳು ಎರಡು ಹಸಿಮೆಣಸಿನಕಾಯಿ ಇಟ್ಟಿದ್ದು ನನಗೆ ಕಂಡಿತು.