ಮಾವನ ಅಳತೆಗೊಂದು ಬೆಂಚು

ಮೂರು ದಿನ ಇದ್ದು ಹೋಗುತ್ತೇನೆಂದು ಬಂದ ಮಾವನವರು ಟೇಲರ್‌ನ ಕುರ್ಚಿಯಲ್ಲಿ ಕೂತು ಅಂದಿಗೆ ನಲವತ್ತೊಂದು ದಿನವಾಗಿತ್ತು.

ಮಾವ ಬಂದದ್ದಕ್ಕೆ ಟೇಲರ್‌ಗೆ ಬೇಸರವಿರಲಿಲ್ಲ, ಆ ಮಾತನ್ನು ಮೊದಲೇ ಹೇಳಿಬಿಡಬೇಕು. ಊಟಕ್ಕೆ ಹೆಸರಿಡದ, ಯಾರ ತಂಟೆಗೂ ಹೋಗದ ಒಳ್ಳೆಯ ಮನುಷ್ಯ. ಬೇಸರವಿದ್ದದ್ದು ಕುರ್ಚಿಯ ವಿಷಯಕ್ಕೆ. ದಿನವಿಡೀ ಅಂಗಡಿಯಲ್ಲಿ ಒರಗಿಲ್ಲದ ಸ್ಟೂಲಿನ ಮೇಲೆ ಕೂತು ಮೆಷಿನ್ ತುಳಿಯುವವನಿಗೆ ಸಂಜೆ ಮನೆಗೆ ಬಂದು ಬೆನ್ನು ಒರಗಿಸಲು ಇದ್ದದ್ದು ಅದೊಂದೇ ಜಾಗ. ಕಡೆದು ಮಾಡಿದ ನಾಲ್ಕು ದಪ್ಪ ಕಾಲು, ಅಗಲವಾದ ಕೈ, ತಾನೇ ಹೊಲಿದು ಹತ್ತಿ ತುಂಬಿದ ದಿಂಬು. ಹನ್ನೊಂದು ವರ್ಷದಿಂದ ಅವನು ಅದರಲ್ಲಿ ನೋಡದೆಯೇ ಕೂರುತ್ತಿದ್ದ. ಬಾಗಿಲಿನಿಂದ ನಾಲ್ಕು ಹೆಜ್ಜೆ, ಅರ್ಧ ಸುತ್ತು, ಕೂತರೆ ಕುರ್ಚಿ. ಈ ನಲವತ್ತೊಂದು ದಿನದಲ್ಲಿ ಅದೇ ಲೆಕ್ಕದಲ್ಲಿ ಎರಡು ಸಲ ಮಾವನವರ ತೊಡೆಯ ಮೇಲೆ ಕೂತೂ ಆಗಿತ್ತು.

ಈಗ ಅವನು ಸಂಜೆ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದ. ಬೆನ್ನು ನೆಟ್ಟಗಾಗುವುದನ್ನೇ ಮರೆತಿತ್ತು. ಹೆಂಡತಿಯ ಹತ್ತಿರ ಒಮ್ಮೆ ಮೆಲ್ಲಗೆ ವಿಷಯ ತೆಗೆದಿದ್ದ.

"ಮಾವ ಆ ಕುರ್ಚಿ ಬಿಟ್ಟು ಬೇರೆ ಕಡೆ ಕೂರೋದೇ ಇಲ್ವಾ?"

"ನಮ್ಮಪ್ಪ ನಿಮಗೆ ಭಾರವಾಗಿದ್ರೆ ನೇರವಾಗಿ ಹೇಳಿ. ನಾಳೆನೇ ಬಸ್ ಹತ್ತಿಸ್ತೀನಿ."

"ಭಾರ ಅಂತ ನಾನೆಲ್ಲಿ ಅಂದೆ?"

"ಮುಖದಲ್ಲಿ ಬರೆದಿದೆ."

ಅಲ್ಲಿಗೆ ಆ ಮಾತು ಮುಗಿಯಿತು. ನುಂಗುವಂತಿಲ್ಲ, ಉಗುಳುವಂತಿಲ್ಲ, ಬಿಸಿ ತುಪ್ಪದ ಹಾಗೆ ಬಾಯಲ್ಲೇ ಉಳಿಯಿತು. ಆದರೆ ಶನಿವಾರ ಸಂಜೆ ಮಾವನವರೇ ಕಿಟಕಿಯಾಚೆ ನೋಡುತ್ತ, "ಹಿತ್ತಲಲ್ಲಿ ಆ ಮರದ ಕೆಳಗೊಂದು ಬೆಂಚಿದ್ದಿದ್ರೆ ಇಡೀ ದಿನ ಅಲ್ಲೇ ಕೂತಿರಬಹುದಿತ್ತು" ಎಂದರು. ಟೇಲರ್‌ನ ಕಿವಿ ನೆಟ್ಟಗಾಯಿತು. ಮರುದಿನ ಭಾನುವಾರ, ಅಂಗಡಿಗೆ ರಜ. ಬೆಂಚು ಮಾಡಲು ಬರುತ್ತದೆಯೇ ಎಂದು ಅವನು ತನ್ನನ್ನು ಕೇಳಿಕೊಳ್ಳಲಿಲ್ಲ. ಮನುಷ್ಯನಿಗೆ ಹೊಂದುವ ಕೋಟನ್ನೇ ಹೊಲಿಯುವವನಿಗೆ ನಾಲ್ಕು ಕಾಲಿನ ಹಲಗೆ ಯಾವ ಲೆಕ್ಕ ಎಂದುಕೊಂಡ.

ಬೆಳಗ್ಗೆ ಏಳಕ್ಕೇ ಸಾಮಿಲ್ಲಿನ ಮುಂದೆ ನಿಂತಿದ್ದ. ಸಾಮಿಲ್ಲಿನವನು ದಿಮ್ಮಿಯಿಂದ ಸೀಳಿದ ಎರಡು ಹಲಗೆ ಎಳೆದು ತೋರಿಸಿದ. ಅಂಚನ್ನು ನೇರ ಮಾಡಿರಲಿಲ್ಲ. ಮರ ಹೇಗೆ ಬೆಳೆದಿತ್ತೋ ಹಾಗೇ, ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು, ಮೇಲೆ ತೊಗಟೆ.

"ಅಗಲದ್ದು ಕೂರೋಕೆ, ಇದು ಕಾಲಿಗೆ," ಎಂದ ಅವನು. "ತೊಗಟೆ ಕೆತ್ತಿ ತೆಗೀರಿ, ಇಲ್ಲಾಂದ್ರೆ ಹುಳ ಬೀಳುತ್ತೆ. ಅಂಚು ಮಾತ್ರ ಮುಟ್ಟಬೇಡಿ, ಅದೇ ಅದರ ಚೆಂದ. ಈ ಹಲಗೆಯಲ್ಲಿ ಸರಿಯಾಗಿ ನಾಲ್ಕು ಕಾಲು ಬರುತ್ತೆ, ಬೆರಳಗಲವೂ ಜಾಸ್ತಿ ಇಲ್ಲ. ಕೊಯ್ಯೋ ಮುಂಚೆ ಎರಡು ಸಲ ಅಳತೆ ನೋಡ್ಕೊಳ್ಳಿ."

ಅಳತೆಯ ವಿಷಯ ತನಗೆ ಹೇಳಿದ್ದು ಟೇಲರ್‌ಗೆ ಹಿಡಿಸಲಿಲ್ಲ. ಇಪ್ಪತ್ತಾರು ವರ್ಷದಿಂದ ಕೊರಳಿಗೆ ಟೇಪು ಹಾಕಿಕೊಂಡು ಬದುಕಿದವನು ಅವನು. ಕೈಗಾಡಿಯಲ್ಲಿ ಹಲಗೆ ಹಾಕಿಸಿಕೊಂಡು ಮನೆಗೆ ಬಂದ.

ಬಂದವನೇ ಟೇಪು ಹಿಡಿದು ಹೋದದ್ದು ಹಲಗೆಯ ಹತ್ತಿರವಲ್ಲ, ಮಾವನವರ ಹತ್ತಿರ. ಅಳತೆ ಎಂದರೆ ಅವನಿಗೆ ಮನುಷ್ಯನ ಮೈಯೇ. ಮಾವನವರನ್ನು ಎಬ್ಬಿಸಿ ಸೊಂಟ ಅಳೆದ, ಕೂರಿಸಿ ಮಂಡಿಯಿಂದ ಹಿಮ್ಮಡಿಯವರೆಗೆ ಅಳೆದ, ಚೀಟಿಯಲ್ಲಿ ಬರೆದುಕೊಂಡ.

"ಪ್ಯಾಂಟಾ, ಅಳಿಯಂದಿರೇ?" ಎಂದರು ಮಾವನವರು.

ನಿಮ್ಮನ್ನು ಕುರ್ಚಿಯಿಂದ ಎಬ್ಬಿಸುವುದಕ್ಕೆ ಎಂದು ಹೇಗೆ ಹೇಳುವುದು? "ಹೂಂ, ಮಾವ" ಎಂದುಬಿಟ್ಟ.

ಮಾವನವರ ಕಣ್ಣು ತುಂಬಿತು. "ಮೂರು ಜನ ಅಳಿಯಂದಿರಿದ್ದಾರೆ. ಇವತ್ತಿನವರೆಗೆ ಒಬ್ಬರೂ ಒಂದು ಕರ್ಚೀಫ್ ಕೊಟ್ಟವರಲ್ಲ," ಎಂದು ಮತ್ತೆ ಕುರ್ಚಿಯಲ್ಲಿ ಇನ್ನಷ್ಟು ಆಳವಾಗಿ ಕೂತರು.

ಹಿತ್ತಲಲ್ಲಿ ಎರಡು ಬಕೆಟ್ ಬೋರಲು ಹಾಕಿ ಅವುಗಳ ಮೇಲೆ ದೊಡ್ಡ ಹಲಗೆ ಇಟ್ಟು ತೊಗಟೆ ಕೆತ್ತಲು ಶುರುಮಾಡಿದ್ದೇ ತಡ, ಕಾಂಪೌಂಡಿನ ಎರಡೂ ಕಡೆಯಿಂದ ಎರಡು ತಲೆ ಎದ್ದವು. ಎಡಗಡೆಯದು ನಿವೃತ್ತ ಲೆಕ್ಕದ ಮೇಷ್ಟ್ರದು, ಬಲಗಡೆಯದು ಪೇಂಟರ್‌ನದು. ಉಳಿ, ಗರಗಸ, ಡ್ರಿಲ್ಲು ಎಲ್ಲ ಪೇಂಟರ್‌ನದೇ ಆದ್ದರಿಂದ ಅವನಿಗೆ ಮಾತಾಡುವ ಹಕ್ಕಿತ್ತು. ಮೇಷ್ಟ್ರಿಗೆ ಹಕ್ಕು ಬೇಕಾಗಿರಲಿಲ್ಲ.

"ಟೇಲರೇ, ಅಂಚು ಸೊಟ್ಟ ಇದೆ," ಎಂದರು ಮೇಷ್ಟ್ರು.

"ಅದು ಹಾಗೇ ಇರಬೇಕಂತೆ, ಮೇಷ್ಟ್ರೇ."

"ಯಾರು ಹೇಳಿದ್ದು?"

"ಸಾಮಿಲ್ಲಿನವನು."

"ಅವನಿಗೆ ಕೊಯ್ಯೋಕೆ ಸೋಮಾರಿತನ, ನಿಮಗೆ ಕತೆ ಹೇಳಿ ಕಳಿಸಿದ್ದಾನೆ. ನನ್ನ ಸ್ಕೇಲು ತರ್ತೀನಿ, ಗೆರೆ ಎಳೆದು ನೆಟ್ಟಗೆ ಕೊಯ್ದುಬಿಡಿ."

"ಬೇಡ ಟೇಲರೇ," ಎಂದ ಪೇಂಟರ್. "ಅಂಚು ತೆಗೆದ್ರೆ ಮರ ಸತ್ತ ಹಾಗೆ."

"ಸತ್ತಿದ್ದಕ್ಕೇ ಅಲ್ವೇನಯ್ಯ ಹಲಗೆ ಆಗಿರೋದು?"

ಟೇಲರ್‌ನ ಕಷ್ಟವೆಂದರೆ, ಯಾರು ಕೊನೆಗೆ ಮಾತಾಡಿದರೋ ಅವರದೇ ಸರಿಯೆಂದು ಅವನಿಗೆ ತೋರುತ್ತಿತ್ತು. ಮೇಷ್ಟ್ರು ಮಾತಾಡಿದಾಗ ಸೀಮೆಸುಣ್ಣದಲ್ಲಿ ಗೆರೆ ಎಳೆದ, ಪೇಂಟರ್ ಮಾತಾಡಿದಾಗ ಅಂಗೈಯಲ್ಲಿ ಒರೆಸಿದ. ನಾಲ್ಕು ಸಲ ಎಳೆದು ನಾಲ್ಕು ಸಲ ಒರೆಸಿದ ಮೇಲೆ ಹಲಗೆಯನ್ನು ದೂರ ನಿಂತು ನೋಡಿದ. ನಡುವೆ ತಗ್ಗಿ ಎರಡು ಕಡೆ ಅಗಲವಾಗಿದ್ದ ಆ ಹಲಗೆಗೆ ಒಳ್ಳೆಯ ಸೊಂಟವಿತ್ತು. ಇಂಥ ಸೊಂಟ ತರಿಸಲು ತಾನು ಬಟ್ಟೆಗೆ ಎಷ್ಟು ಟಕ್ಸ್ ಹಿಡಿಯಬೇಕಾಗುತ್ತದೆ ಎಂದು ನೆನೆದು ಅಂಚನ್ನು ಹಾಗೇ ಬಿಟ್ಟ. ಮೇಷ್ಟ್ರು "ನಿಮ್ಮ ಬೆಂಚು, ನಿಮ್ಮ ಹಣೆಬರಹ" ಎಂದರೂ ಕಾಂಪೌಂಡ್ ಬಿಟ್ಟು ಕದಲಲಿಲ್ಲ.

ಆಮೇಲೆ ಕಾಲಿನ ಹಲಗೆ. ಅಲ್ಲಿ ಅವನ ಕೈ ತಡವರಿಸಲಿಲ್ಲ. ಚೀಟಿ ನೋಡಿ ಗುರುತು ಹಾಕಿ ಒಂದು ಕಾಲು ಕೊಯ್ದ, ಇನ್ನೊಂದು ಕಾಲು ಕೊಯ್ದ, ಗರಗಸ ಕೆಳಗಿಟ್ಟು ಬೆವರು ಒರೆಸಿಕೊಂಡ. ನೋಡಿದರೆ ಅರ್ಧ ಹಲಗೆ ಹಾಗೇ ಉಳಿದಿತ್ತು. ಬೆರಳಗಲವೂ ಜಾಸ್ತಿಯಿಲ್ಲ ಎಂದಿದ್ದ ಸಾಮಿಲ್ಲಿನವನು ನೆನಪಾಗಿ ನಗು ಬಂತು. ಎಲ್ಲರೂ ಮೂರು ಮೀಟರ್ ಕೇಳುವ ಕಡೆ ಎರಡೂವರೆಯಲ್ಲಿ ಹೊಲಿದು ಕೊಡುವವನ ಕೈಚಳಕ ಅವನಿಗೇನು ಗೊತ್ತು?

"ಮಿಕ್ಕ ತುಂಡು ಬೇಕಾ ನಿಮಗೆ?" ಎಂದು ಕೇಳಿದ ಪೇಂಟರ್.

ಟೇಲರ್ ಮಿಕ್ಕ ಬಟ್ಟೆ ವಾಪಸು ಕೊಡುವುದಿಲ್ಲವೆಂದು ಇಡೀ ಬೀದಿ ಆಡಿಕೊಳ್ಳುತ್ತಿತ್ತು. ಆ ಅಪವಾದ ಕಳೆಯಲು ಇದೇ ಸಮಯವೆನಿಸಿತು. "ತಗೊಂಡು ಹೋಗಿ" ಎಂದು ಕಾಂಪೌಂಡಿನ ಮೇಲಿಂದ ದಾಟಿಸಿದ.

ಊಟ ಮುಗಿಸಿ ಬಂದು ದೊಡ್ಡ ಹಲಗೆಯನ್ನು ಬೋರಲು ಹಾಕಿ, ಡ್ರಿಲ್ಲಿನಿಂದ ತೂತು ಕೊರೆದು, ಒಂದು ಬದಿಗೆ ಎರಡು ಕಾಲನ್ನೂ ಬೋಲ್ಟ್ ಹಾಕಿ ಬಿಗಿದ. ಇನ್ನೊಂದು ಬದಿಗೆ ಬಂದು ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ ಕೈಚಾಚಿದ. ಕೈಗೆ ಏನೂ ಸಿಗಲಿಲ್ಲ.

ತಿರುಗಿ ನೋಡಿದ. ಬಕೆಟ್ ಎತ್ತಿ ನೋಡಿದ. ಒಗೆಯುವ ಕಲ್ಲಿನ ಹಿಂದೆ, ಬಚ್ಚಲಿನ ಒಲೆಯೊಳಗೆ, ಒಣಗಿಸಿದ ಬಟ್ಟೆಯ ಮರೆಯಲ್ಲಿ ಹುಡುಕಿದ. ಅಡುಗೆಮನೆಯ ಬಾಗಿಲಿಗೆ ಹೋಗಿ ಹೆಂಡತಿಯನ್ನು ಕೇಳಿದ.

"ನನ್ನ ಎರಡು ಕಾಲು ನೋಡಿದ್ಯೇನೇ?"

ಹೆಂಡತಿ ಅವನನ್ನು ಕೆಳಗಿನಿಂದ ಮೇಲೆ ನೋಡಿದಳು. "ಮೈಗೆ ಅಂಟಿಕೊಂಡೇ ಇವೆಯಲ್ರೀ. ಬಿಸಿಲಲ್ಲಿ ಕೆಲಸ ಮಾಡಬೇಡಿ ಅಂದೆ, ಕೇಳಿದ್ರಾ?"

"ಬೆಂಚಿಂದು. ನಾಲ್ಕು ಕೊಯ್ದಿದ್ದೆ, ಎರಡೇ ಇದೆ."

ಟೇಲರ್ ಹಿತ್ತಲಿಗೆ ವಾಪಸು ಬಂದು ಪೇಂಟರ್‌ನನ್ನು ಅನುಮಾನದಿಂದ ನೋಡಿದ. ಪೇಂಟರ್ ಮೇಷ್ಟ್ರನ್ನು ಅನುಮಾನದಿಂದ ನೋಡಿದ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ಪಾಠಕ್ಕೆ ನಿಂತವರ ಹಾಗೆ ಕೇಳಿದರು.

"ಗರಗಸ ಎಷ್ಟು ಸಲ ಹಾಕಿದ್ರಿ?"

"ಎರಡು ಸಲ."

"ಎರಡು ಸಲ ಕೊಯ್ದ್ರೆ ಎಷ್ಟು ಕಾಲು?"

"ನಾಲ್ಕು."

"ಹೇಗೆ?"

"ಹೇಗೆ ಅಂದ್ರೇನು ಮೇಷ್ಟ್ರೇ? ತೋಳಿಗೆ ಒಂದು ಸಲ ಕತ್ತರಿ ಹಾಕಿದ್ರೆ ಎರಡು ತೋಳು ಬರುತ್ತೆ. ಹಾಗೇ ಇದಕ್ಕೆ ಎರಡು ಸಲ ಹಾಕಿದ್ರೆ ನಾಲ್ಕು."

"ಅದು ನೀವು ಬಟ್ಟೆ ಮಡಚಿ ಕತ್ತರಿಸೋದಕ್ಕೆ. ಈ ಹಲಗೆ ಮಡಚಿದ್ರಾ?"

ಟೇಲರ್ ಹಲಗೆ ನೋಡಿದ, ಕೈ ನೋಡಿಕೊಂಡ. ಇಪ್ಪತ್ತಾರು ವರ್ಷ ಮಡಚಿದ ಬಟ್ಟೆಗೆ ಕತ್ತರಿ ಹಾಕಿದ ಕೈ, ಒಂದು ಕೊಯ್ದರೆ ಎರಡೆಂದು ತಾನೇ ಎಣಿಸಿಕೊಂಡಿತ್ತು. ಓಡಿಹೋಗಿ ಪೇಂಟರ್‌ನ ಮನೆಯಲ್ಲಿ ಇಣುಕಿದ. ಮಿಕ್ಕ ತುಂಡು ಆರು ಹೋಳಾಗಿ, ಬಣ್ಣದ ಡಬ್ಬಿಗಳನ್ನು ಹೊತ್ತುಕೊಂಡು ಗೋಡೆಗೆ ಮೊಳೆ ಹೊಡೆಸಿಕೊಂಡಿತ್ತು.

ಇವತ್ತು ಬೆಂಚು ಆಗದಿದ್ದರೆ ಮುಂದಿನ ಭಾನುವಾರದವರೆಗೆ ಒಗೆಯುವ ಕಲ್ಲೇ ಗತಿ. ಇನ್ನೊಂದು ವಾರ ಆ ಕಲ್ಲನ್ನು ಬೆನ್ನು ತಡೆಯುತ್ತಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟ. "ನಾನು ಬರೋವರೆಗೆ ಯಾರೂ ಏನೂ ಮುಟ್ಟಬೇಡಿ" ಎಂದು ಎರಡೂ ಕಾಂಪೌಂಡಿಗೆ ಹೇಳಿದ.

"ನಮಗ್ಯಾಕೆ ನಿಮ್ಮ ಉಸಾಬರಿ?" ಎಂದರು ಮೇಷ್ಟ್ರು.

ಭಾನುವಾರವಾದ್ದರಿಂದ ಸಾಮಿಲ್ಲು ಮಧ್ಯಾಹ್ನಕ್ಕೇ ಮುಚ್ಚಿತ್ತು. ಊರಿನ ಆಚೆ ತುದಿಯ ಇನ್ನೊಂದು ಸಾಮಿಲ್ಲಿಗೆ ಬಿಸಿಲಲ್ಲಿ ನಡೆದ. ಅಲ್ಲಿಯ ಕಾವಲುಗಾರ, "ಇವತ್ತು ಯಾರೂ ಇಲ್ಲ. ಎಷ್ಟು ಮರ ಬೇಕಿತ್ತು?" ಎಂದ. "ಎರಡು ಕಾಲು" ಎಂದದ್ದಕ್ಕೆ ಅವನು ಗೇಟಿನ ಚಿಲಕವನ್ನು ಒಳಗಿನಿಂದ ಇನ್ನೊಮ್ಮೆ ನೋಡಿಕೊಂಡ. ವಾಪಸು ಬರುವ ದಾರಿಯುದ್ದಕ್ಕೂ ಟೇಲರ್‌ಗೆ ಕಂಡದ್ದೆಲ್ಲ ಕಾಲುಗಳೇ. ಟೀ ಅಂಗಡಿಯ ಬೆಂಚಿಗೆ ನಾಲ್ಕು, ಹಣ್ಣಿನವಳ ಮೇಜಿಗೆ ನಾಲ್ಕು, ಮೋರಿ ಪಕ್ಕ ಮಲಗಿದ್ದ ನಾಯಿಗೂ ನಾಲ್ಕು. ಲೋಕದಲ್ಲಿ ಲೆಕ್ಕ ತಪ್ಪಿದ್ದು ತನಗೊಬ್ಬನಿಗೇ ಎನಿಸಿ ಅವನಿಗೆ ಅಳು ಬರುವಂತಾಯಿತು.

ಐದು ಗಂಟೆಗೆ ಬರಿಗೈಯಲ್ಲಿ ಹಿತ್ತಲ ಬಾಗಿಲು ನೂಕಿದವನು ಅಲ್ಲೇ ನಿಂತ.

ಮರದ ಕೆಳಗೆ ಬೆಂಚು ನಿಂತಿತ್ತು. ಮುಂದೆರಡು, ಹಿಂದೆರಡು, ಒಟ್ಟು ನಾಲ್ಕು ಕಾಲು, ಹಸಿರು ಬಣ್ಣ ಬಳಿದು ಲಕಲಕ ಎನ್ನುತ್ತಿದ್ದವು. ಅವನು ಕೊಯ್ದ ಎರಡು ಕಾಲು ಬೇಡದವರ ಹಾಗೆ ಗೋಡೆಗೆ ಒರಗಿದ್ದವು. ಬೆಂಚಿನ ನಡುವೆ ಮಾವನವರು ಟೀ ಹಿಡಿದು ಕೂತಿದ್ದರು. ಪಾದ ನೆಲಕ್ಕೆ ಹದವಾಗಿ ತಾಗಿತ್ತು. ಹಲಗೆ ಅಲುಗುತ್ತಿರಲಿಲ್ಲ. ಟೇಲರ್ ಎರಡು ಸಲ ಎಣಿಸಿದ.

"ಕಾಲು ಎಲ್ಲಿಂದ ಬಂತು?"

"ಅದೆಲ್ಲ ನಿಮಗ್ಯಾಕೆ? ಮನಸ್ಸಿದ್ರೆ ಮಾರ್ಗ," ಎಂದರು ಮೇಷ್ಟ್ರು. ಪೇಂಟರ್ ಕೈಗೆ ಅಂಟಿದ್ದ ಹಸಿರು ಬಣ್ಣವನ್ನು ಸೀಮೆಎಣ್ಣೆಯಲ್ಲಿ ಉಜ್ಜುತ್ತಿದ್ದ.

"ಬನ್ನಿ ಅಳಿಯಂದಿರೇ, ಕೂತ್ಕೊಳ್ಳಿ. ಪಾಪ, ನನಗೋಸ್ಕರ ಎಷ್ಟು ಒದ್ದಾಡಿದ್ರಿ," ಎಂದರು ಮಾವನವರು. "ನೀವು ಇಷ್ಟು ಮಾಡೋವಾಗ ನಾನೂ ಒಂದು ಸುಖ ಬಿಡಬೇಕು ಅನ್ನಿಸ್ತು."

ಆ ಮಾತು ಟೇಲರ್‌ಗೆ ತಿಳಿಯಲಿಲ್ಲ, ತಿಳಿಯುವ ತಾಳ್ಮೆಯೂ ಇರಲಿಲ್ಲ. ಮಾವ ಹೊರಗಿದ್ದಾರೆ, ಅಂದರೆ ಒಳಗೆ ಕುರ್ಚಿ ಖಾಲಿಯಿದೆ. "ನೀವು ಕೂತಿರಿ ಮಾವ, ಏಳಲೇಬೇಡಿ" ಎಂದು ಒಳಗೆ ನಡೆದ. ಅವಸರ ಮಾಡಲಿಲ್ಲ. ಕೈಕಾಲು ತೊಳೆದ. ಬೆಳಗಿನ ಪೇಪರ್ ತೆಗೆದುಕೊಂಡು ಬಿಡಿಸಿ ಮುಖದ ಮುಂದೆ ಹಿಡಿದ. ನಲವತ್ತೊಂದು ದಿನದ ಮೇಲೆ ಬಾಗಿಲಿನಿಂದ ನಾಲ್ಕು ಹೆಜ್ಜೆ ಇಟ್ಟ, ಅರ್ಧ ಸುತ್ತು ತಿರುಗಿದ, ಕೂತ.

ಕುರ್ಚಿ ಇದ್ದದ್ದು ಒಂದು ಮೊಳ ಕೆಳಗೆ. ಅಲ್ಲಿಯವರೆಗೆ ಅವನು ಏನನ್ನೂ ಹಿಡಿಯದೆ ಹೋದ. ದಿಂಬಿಗೆ ಬಡಿದ ಸೊಂಟದಿಂದ ಕಟಕ್ ಎಂಬ ಸದ್ದು ಬಂತು, ಪೇಪರ್ ತಲೆಯ ಮೇಲೆ ಬಿತ್ತು. ಕಾಲಿಲ್ಲದ ಕುರ್ಚಿ ಕಾವಿಗೆ ಕೂತ ಕೋಳಿಯ ಹಾಗೆ ನೆಲಕ್ಕೆ ಅಂಟಿಕೊಂಡಿತ್ತು.

ಹೆಂಡತಿ ಓಡಿಬಂದಳು. "ಅಯ್ಯೋ, ಹೇಳೋಣ ಅಂತಲೇ ಇದ್ದೆ. ನೀವು ಹೋದ ಮೇಲೆ ಅಪ್ಪನೇ ಎದ್ದು ಬಂದು, ಅಳಿಯಂದಿರು ಬಿಸಿಲಲ್ಲಿ ಅಲೆಯೋದು ನೋಡಕ್ಕಾಗಲ್ಲ, ನಾನಿನ್ನು ಕುರ್ಚಿಲಿ ಕೂರಲ್ಲ, ಅದರ ಕಾಲು ತೆಗೀರಿ ಅಂದ್ರು."

"ಎರಡು ಸಾಕಿತ್ತಲ್ಲ," ಎಂದ ಟೇಲರ್, ಕೂತಲ್ಲಿಂದಲೇ.

"ಎರಡು ಒಂಥರ, ಎರಡು ಒಂಥರ ಇದ್ರೆ ಬೆಂಚು ವಾಲುತ್ತೆ," ಎಂದು ಕಿಟಕಿಯಿಂದ ಮೇಷ್ಟ್ರು ವಿವರಿಸಿದರು. "ಅದಕ್ಕೇ ನಾಲ್ಕೂ ತೆಗೆಸಿದೆ."

ಅವರ ಪಕ್ಕದಲ್ಲಿ ಮಾವನವರ ಮುಖವೂ ಕಾಣಿಸಿತು. "ನಾಳೆ ಬೆಳಗ್ಗೆ ಊರಿಗೆ ಹೊರಡೋಣ ಅಂತಿದ್ದೆ, ಅಳಿಯಂದಿರೇ. ನೀವು ಪ್ರೀತಿಯಿಂದ ಅಳತೆ ತಗೊಂಡಿದ್ದೀರಿ. ಪ್ಯಾಂಟು ಹಾಕ್ಕೊಂಡೇ ಹೋದ್ರಾಯ್ತು."

ಟೇಲರ್ ಎದ್ದು ನಿಂತ. ಕೈಗೆ ಬಂದ ತುತ್ತು ಇನ್ನೂ ಪೂರ್ತಿ ಜಾರಿರಲಿಲ್ಲ. ಮಾವ ಹೋದರೆ ಬೆಂಚು ಖಾಲಿ, ಬೆಂಚು ಖಾಲಿಯಾದರೆ ಕುರ್ಚಿಗೆ ಕಾಲು. ಒಂದು ಪ್ಯಾಂಟು ಅವನಿಗೆ ಎರಡು ಗಂಟೆಯ ಕೆಲಸ. ಮನೆಯಲ್ಲಿದ್ದ ಒಂದೇ ಒಂದು ಪ್ಯಾಂಟ್ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆದು ನೆಲಕ್ಕೆ ಹಾಸಿದ. ಮಡಚಲು ಹೋದ ಕೈ ತಟ್ಟನೆ ನಿಂತಿತು. ಬೆಳಗಿನಿಂದ ಪಟ್ಟ ಪಾಡೆಲ್ಲ ಆ ಮಡಚುವ ಚಾಳಿಯಿಂದಲೇ ಅಲ್ಲವೇ ಎನಿಸಿತು. ಬಟ್ಟೆಯನ್ನು ನೀಟಾಗಿ ಬಿಡಿಸಿ ಹರಡಿದ, ಎರಡು ಸಲ ಅಳತೆ ನೋಡಿದ, ನಡುಮಧ್ಯದಲ್ಲಿ ಕಾಲಿನ ಗುರುತು ಹಾಕಿ ಧೈರ್ಯವಾಗಿ ಕತ್ತರಿ ಆಡಿಸಿದ.

ಕತ್ತರಿಸಿದ್ದನ್ನು ಎತ್ತಿ ನೋಡಿದಾಗ ಮಾವನವರ ಪ್ಯಾಂಟಿಗೆ ಒಂದೇ ಕಾಲಿತ್ತು. ಸುತ್ತ ಮಿಕ್ಕ ಬಟ್ಟೆ ಕರ್ಚೀಫಿಗೆ ಮಾತ್ರ ಸಾಕಾಗುತ್ತಿತ್ತು.

ಟೇಲರ್ ಒಂಟಿ ಕಾಲನ್ನು ಹಿಡಿದು ಕಿಟಕಿಯತ್ತ ನೋಡಿದ. ಮೇಷ್ಟ್ರು ಏನೋ ಕೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಾವನವರೇ ಕೈಯಾಡಿಸಿ ಸಮಾಧಾನ ಹೇಳಿದರು.

"ಪರವಾಗಿಲ್ಲ ಬಿಡಿ, ಅಳಿಯಂದಿರೇ. ನಿಧಾನಕ್ಕೆ ಆಗಲಿ. ಹೇಗೂ ಬೆಂಚಿದೆಯಲ್ಲ."