ಎತ್ತರದಲ್ಲಿರುವ ಮಗುವಿನ ಲಕ್ಷಣಗಳು

ಓದಿದವಳು ಎಂಬ ಹೆಸರು ಒಮ್ಮೆ ಅಂಟಿಕೊಂಡರೆ ಬಂಧುಬಳಗದಲ್ಲಿ ಅದನ್ನು ತೊಳೆದುಕೊಳ್ಳುವುದು ಬಹಳ ಕಷ್ಟ. ನಾನು ತಮಿಳುನಾಡಿನ ಹೊಸೂರಿನ ಶಾಲೆಯೊಂದರಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುವವಳು. ನನಗೆ ಗೊತ್ತಿರುವುದು ನದಿಗಳು, ರಾಜರು, ಪಂಚಾಯಿತಿ ವ್ಯವಸ್ಥೆ, ಅಷ್ಟೆ. ಆದರೆ ನಮ್ಮವರ ಕಣ್ಣಿನಲ್ಲಿ ಮೇಡಂ ಎಂದರೆ ಎಲ್ಲ ಬಲ್ಲವಳು. ಬೋರ್‌ವೆಲ್ ಎಲ್ಲಿ ಕೊರೆಸಬೇಕು ಎಂಬುದರಿಂದ ಹಿಡಿದು ಮೊಣಕಾಲು ನೋವಿಗೆ ಯಾವ ಎಣ್ಣೆ ಎಂಬುದರವರೆಗೆ ನನ್ನನ್ನೇ ಕೇಳುತ್ತಾರೆ. ಗೊತ್ತಿಲ್ಲ ಎಂದರೆ ನಂಬುವುದಿಲ್ಲ, ಬಿಗುಮಾನ ಅನ್ನುತ್ತಾರೆ. ಹಾಗಾಗಿ ನಾನು "ನೋಡಿ ಹೇಳ್ತೀನಿ" ಎಂದು ಫೋನಿಟ್ಟು, ನೆಟ್ಟಿನಲ್ಲಿ ಸಿಕ್ಕಿದ್ದನ್ನು ಓದಿ, ಗಂಟಲು ಸರಿಮಾಡಿಕೊಂಡು ಹೇಳಿಬಿಡುತ್ತೇನೆ. ಅಕ್ಕನ ಫೋನು ಬರುವವರೆಗೆ ನನ್ನ ಮಾನ ಹೀಗೇ ಉಳಿದಿತ್ತು.

ನಮ್ಮಕ್ಕ ಗೌರಮ್ಮನನ್ನು ಕೊಟ್ಟಿರುವುದು ಡೆಂಕಣಿಕೋಟೆಯ ಹತ್ತಿರದ ಹಳ್ಳಿಗೆ. ರಾಗಿ, ಟೊಮೇಟೊ ಬೆಳೆಯುತ್ತಾರೆ. ಪೈರು ಕೈಗೆ ಬರುವ ಕಾಲಕ್ಕೆ ಕಾಡಿನಿಂದ ಆನೆ ಇಳಿಯುವುದರಿಂದ ಭಾವ ಮನೆಯಲ್ಲಿರುವುದಕ್ಕಿಂತ ಹೊಲದಲ್ಲಿರುವುದೇ ಹೆಚ್ಚು. ಒಬ್ಬನೇ ಮಗ ಲೋಕೇಶ ಪ್ಲಸ್ ಟೂ ಓದುತ್ತಿದ್ದಾನೆ. ಅಕ್ಕ ಫೋನಿನಲ್ಲಿ ಪಿಸುಗುಟ್ಟಿದಳು: "ಸರೋಜಾ, ಲೋಕೇಸನ ಕಣ್ಣು ಕೆಂಡ ಇದ್ದಂಗವೆ ಕಣಮ್ಮಿ. ಮಾತಾಡ್ಸಿದ್ರೆ ಎಗ್ರಿ ಬತ್ತಾನೆ. ಅಂಗಿ ಏನೋ ಒಂಥರಾ ವಾಸ್ನೆ. ಬೀಡಿ ವಾಸ್ನೆ ಅಲ್ಲ. ನಿಮ್ಮ ಭಾವುಂಗೆ ಹೇಳಿದ್ರೆ ಸಾಯಿಸ್ಬುಡ್ತಾರೆ. ನೀನು ಫೋನಲ್ಲಿ ನೋಡಿ ಏನು ಮಾಡ್ಬೇಕೋ ಹೇಳು."

ನಾನು ಎತ್ತಿ ಆಡಿಸಿದ ಮಗು ಅದು. ಕೂಡಲೇ ಹುಡುಕಲು ಕುಳಿತೆ. ಮೊದಲು ಸಿಕ್ಕ ಪುಟದಲ್ಲಿ ಮಾದಕ ವಸ್ತುವಿಗೆ ಬಿದ್ದ ಹದಿಹರೆಯದವರ ಲಕ್ಷಣಗಳಿದ್ದವು. ತಡವಾಗಿ ಏಳುವುದು, ಸಿಡುಕು, ಓದಿನಲ್ಲಿ ನಿರಾಸಕ್ತಿ, ಹಸಿವು ಹೆಚ್ಚುವುದು, ಇಲ್ಲವೇ ಕಡಿಮೆಯಾಗುವುದು. ಈ ಪ್ರಕಾರ ನನ್ನ ಹತ್ತನೇ ತರಗತಿ ಪೂರ್ತಿ ವ್ಯಸನಿಗಳೇ. ಸೋಮವಾರ ಬೆಳಿಗ್ಗೆಯ ನಮ್ಮ ಹೆಡ್‌ಮಾಸ್ಟರಿಗೂ ಇವೆಲ್ಲ ಹೊಂದುತ್ತಿದ್ದವು. ಇನ್ನೊಂದು ಪುಟ ಹೆಸರು ಮತ್ತು ನಂಬರು ಕೊಟ್ಟರೆ ಮಾತ್ರ ಮುಂದಕ್ಕೆ ಬಿಡುತ್ತೇನೆಂದಿತು. ಕೊಟ್ಟೆ. ಮಾಹಿತಿ ಬರಲಿಲ್ಲ, ಯಾವುದೋ ಚಿಕಿತ್ಸಾ ಕೇಂದ್ರದ ಹುಡುಗಿಯ ಫೋನು ಬಂತು. "ಅಮ್ಮಾ, ಪೇಷೆಂಟ್ ಯಾರು? ನೀಂಗಳಾ, ವೀಟ್ಟುಕ್ಕಾರರಾ?" ನಾನೋ, ನನ್ನ ಗಂಡನೋ ಎಂದು ಎಷ್ಟು ಅಕ್ಕರೆಯಿಂದ ಕೇಳಿದಳೆಂದರೆ ಇಬ್ಬರಲ್ಲೊಬ್ಬರು ಒಪ್ಪಿಕೊಳ್ಳದಿದ್ದರೆ ನೊಂದುಕೊಳ್ಳುತ್ತಾಳೇನೋ ಅನ್ನಿಸಿತು. ಅಂದಿನಿಂದ ಆಕೆ ನಾನು ಕ್ಲಾಸಿನಲ್ಲಿರುವಾಗಲೇ ಫೋನು ಮಾಡುತ್ತಾಳೆ. ಸ್ಟಾಫ್‌ರೂಮಿನಲ್ಲಿ ನನ್ನ ಬದಲಿಗೆ ಕರೆ ತೆಗೆದುಕೊಂಡ ಸಹೋದ್ಯೋಗಿಯೊಬ್ಬರು ನನಗೆ ಮಜ್ಜಿಗೆ ತಂದುಕೊಟ್ಟು, "ಮನಸ್ಸು ಗಟ್ಟಿ ಮಾಡ್ಕೊಳ್ಳಿ ಮೇಡಂ" ಎಂದರು.

ತಮಿಳಿನದಾಗಲಿ ಇಂಗ್ಲಿಷಿನದಾಗಲಿ ಕಳಿಸಿದರೆ ಅಕ್ಕನಿಗೆ ಓದಲು ಬಾರದು. ಕನ್ನಡದಲ್ಲಿ ಒಂದು ಸಿಕ್ಕಿತು. ಮನುಷ್ಯರು ಬರೆದದ್ದಲ್ಲ, ಯಂತ್ರ ಅನುವಾದಿಸಿದ್ದು. "ನಿಮ್ಮ ಮಗು ಕಳೆ ಸೇದುತ್ತಿದೆಯೇ? ನಿಮ್ಮ ಮಗು ಎತ್ತರದಲ್ಲಿದೆಯೇ?" ಇಂಗ್ಲಿಷಿನಲ್ಲಿ ಗಾಂಜಾಕ್ಕಿರುವ 'ವೀಡ್' ಎಂಬ ಅಡ್ಡಹೆಸರನ್ನು ಯಂತ್ರ ಹೊಲದ ಕಳೆ ಎಂದುಕೊಂಡಿತ್ತು. 'ಹೈ' ಆದವರು, ಅಂದರೆ ಅಮಲೇರಿದವರು, ಅದರ ಕೃಪೆಯಿಂದ ಎತ್ತರಕ್ಕೆ ಹೋಗಿದ್ದರು. ನಾನು ಅರ್ಧ ಓದಿ, ಏನಾದರಾಗಲಿ, ಕನ್ನಡ ತಾನೇ ಎಂದು ಅಕ್ಕನಿಗೆ ದಾಟಿಸಿಬಿಟ್ಟೆ.

ಸಂಜೆ ಅವಳದೇ ಫೋನು. "ಲೇ, ಹೊಲ್ದಾಗೆ ಕಳೆ ಕೀಳು ಅಂದ್ರೆ ಈ ಕಡೆ ತಲೆ ಹಾಕಲ್ಲ, ಅದನ್ನ ಸೇದ್ತಾನಾ? ಎತ್ತರ ಅಂತೂ ಹೌದು ಕಣಮ್ಮಿ. ಈ ವರ್ಸ ಬಾಗ್ಲು ತಾಕೋಂಗೆ ಬೆಳ್ದವ್ನೆ. ಅದೂ ಕಾಯ್ಲೇನಾ?"

ನಗುತ್ತಾ ಬಿಡಿಸಿ ಹೇಳಿದೆ. ಆದರೆ ಆ ಪುಟದ ಕೆಳತುದಿಯಲ್ಲಿ ಏನಿತ್ತೆಂದು ನಾನು ನೋಡಿರಲಿಲ್ಲ, ಅಕ್ಕ ನೋಡಿದ್ದಳು. ಊಟದಲ್ಲಿ ಗುಟ್ಟಾಗಿ ಬೆರೆಸಿದರೆ ಎಂಥ ಚಟವನ್ನಾದರೂ ಬಿಡಿಸುವ ಪುಡಿಯ ಜಾಹೀರಾತು ಅಲ್ಲಿತ್ತು. ಪಕ್ಕದ ಮನೆಯವರ ಕೈಲಿ ತರಿಸಿ, ಹುರುಳಿ ಸಾರಿಗೆ ಹಾಕಿಯೇಬಿಟ್ಟಳು. ಆ ದಿನ ಲೋಕೇಶ ಊಟಕ್ಕೆ ಬರಲಿಲ್ಲ. ಹಬ್ಬಕ್ಕೂ ಒಂದು ತೊಟ್ಟು ಕುಡಿಯದ ಭಾವ ಎರಡು ಸಲ ಬಡಿಸಿಕೊಂಡು ಉಂಡರು. ಹೊಲ ಕಾಯಲು ಹೋದವರು ದಿನವಿಡೀ ಪೊದೆಯ ಮರೆಯಲ್ಲೇ ಉಳಿದರು. ಸಂಜೆಯ ಹೊತ್ತಿಗೆ ಕೈಕಾಲು ಸೋತು, ಡೆಂಕಣಿಕೋಟೆಯ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಬೇಕಾಯಿತು.

ನಾನು ಓಡಿಹೋದೆ. ಅಕ್ಕ ಅಳುತ್ತಾ ಎಲ್ಲ ಹೇಳಿಬಿಟ್ಟಿದ್ದಳು. ಭಾವ ಬೈಯಲಿಲ್ಲ, ಮಗನನ್ನು ಸಾಯಿಸುವ ಮಾತೂ ಆಡಲಿಲ್ಲ. ಸೂರು ನೋಡುತ್ತಾ, "ಆನೆ ಬಂದ್ರೆ ಪಟಾಕಿ ಹೊಡೀಬೋದಮ್ಮಾ. ಇದಕ್ಕೆ ಏನು ಹೊಡೀಲಿ?" ಅಂದರು. ಆ ಸಾರನ್ನು ಲೋಕೇಶ ಉಂಡಿದ್ದರೆ, ಅವನ ಮೈಯಲ್ಲಿ ಮೊದಲೇ ಇನ್ನೇನಾದರೂ ಇದ್ದಿದ್ದರೆ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ.

ಮಾರನೆಯ ದಿನ ಶಾಲೆಗೆ ರಜೆ ಹಾಕಿ ಸರ್ಕಾರಿ ಆಸ್ಪತ್ರೆಯ ಮನೋವೈದ್ಯೆಯ ಮುಂದೆ ಕುಳಿತೆ. ನಾನು ಓದಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಆಕೆ ಕೇಳಿಸಿಕೊಂಡು, "ಪುಟ ಏನಾದ್ರೂ ಮಾರ್ತಾ ಇದ್ರೆ ಮುಚ್ಚಿಬಿಡಿ ಮೇಡಂ. ಯಾರು ಬರೆದ್ರು, ಯಾವಾಗ ಬರೆದ್ರು ಅಂತ ಇಲ್ಲದಿದ್ರೆ ಅದನ್ನೂ ಮುಚ್ಚಿಬಿಡಿ" ಎಂದರು. ಆಮೇಲೆ ಮೆಲ್ಲಗೆ, "ಅದಿರ್ಲಿ, ಹುಡುಗನ್ನ ಕೇಳಿದ್ರಾ?" ಎಂದರು.

ಕೇಳಿರಲಿಲ್ಲ. ಲೋಕವನ್ನೆಲ್ಲ ಕೇಳಿದ್ದೆವು, ಅವನೊಬ್ಬನನ್ನು ಬಿಟ್ಟು.

ಶನಿವಾರ ಕರೆತಂದೆವು. ಕಾದಾಡುತ್ತಾನೆ ಎಂದುಕೊಂಡಿದ್ದೆ. ಅಪ್ಪನ ಬತ್ತಿದ ಮುಖ ನೋಡಿಯೋ ಏನೋ, ಸುಮ್ಮನೆ ಹೊರಟುಬಂದ. ವೈದ್ಯೆಯೊಂದಿಗೆ ಒಬ್ಬನೇ ತುಂಬ ಹೊತ್ತು ಮಾತಾಡಿದ. ಟ್ಯೂಷನ್ ಗೆಳೆಯರ ಜೊತೆ ಗಾಂಜಾ ಶುರುವಾಗಿ ಕೆಲವು ತಿಂಗಳಾಗಿತ್ತಂತೆ. ಬಿಡಲು ನೋಡಿದರೆ ನಿದ್ದೆ ಬರುತ್ತಿರಲಿಲ್ಲವಂತೆ. ಈಗ ತಪ್ಪದೆ ಆಸ್ಪತ್ರೆಗೆ ಬರುತ್ತಾನೆ. ನಡುವೆ ಒಮ್ಮೆ ಜಾರಿದ, ಅದನ್ನು ತಾನೇ ಬಂದು ಹೇಳಿದ. ಅಕ್ಕ ಈಗಲೂ ಅವನ ಅಂಗಿ ಮೂಸುತ್ತಾಳೆ, ಆದರೆ ಅವನ ಎದುರಿಗೇ ಮೂಸುತ್ತಾಳೆ.

ಮೊನ್ನೆ ಅವನನ್ನು ಬಸ್ಸಿಗೆ ಹತ್ತಿಸಲು ಹೋದಾಗ ಇದ್ದಕ್ಕಿದ್ದಂತೆ, "ಚಿಕ್ಕಮ್ಮ, ಬಿಡೋದು ಹೆಂಗೆ ಅಂತ ನಾನೂ ನೆಟ್ಟಲ್ಲಿ ಹುಡುಕಿದ್ದೆ. ಒಬ್ಬ ಅದು ಬರೀ ಗಿಡಮೂಲಿಕೆ, ಒಳ್ಳೇದು ಅಂದ. ಇನ್ನೊಬ್ಬ ಹುಚ್ಚು ಹಿಡಿದು ಸಾಯ್ತೀಯ ಅಂದ. ಯಾರನ್ನ ನಂಬೋದು ಗೊತ್ತಾಗ್ಲಿಲ್ಲ" ಎಂದ.

"ನನ್ನನ್ನ ಕೇಳ್ಬಾರದಾಗಿತ್ತೇನೋ?"

ಅವನು ಬಸ್ಸಿನ ಬೋರ್ಡು ನೋಡುತ್ತಾ ಹೇಳಿದ: "ಕೇಳಿದ್ರೆ ಪಾಠ ಮಾಡ್ತೀರ ಅಂತ ಹೆದ್ರುಕೆ."

ಚುರುಕ್ಕೆಂದಿತು. ನಾನು ಅಂಥವಳಲ್ಲವೆಂದು ಆಗಿಂದಾಗಲೇ ಅವನಿಗೆ ಮನವರಿಕೆ ಮಾಡಿಕೊಡಬೇಕೆನ್ನಿಸಿತು. ಹೆಗಲ ಮೇಲೆ ಕೈಯಿಟ್ಟು, ಗಂಟಲು ಸರಿಮಾಡಿಕೊಂಡು, "ನೋಡು ಲೋಕೇಶ, ಇದರಲ್ಲಿ ಮುಖ್ಯವಾಗಿ ಮೂರು ಅಂಶಗಳಿವೆ" ಎಂದೆ.

ಹುಡುಗ ಎಷ್ಟೋ ತಿಂಗಳ ಮೇಲೆ ಜೋರಾಗಿ ನಕ್ಕ. ಬಸ್ಸು ಹೊರಟ ಮೇಲೂ ಕಿಟಕಿಯಲ್ಲಿ ನಗುತ್ತಲೇ ಇದ್ದ. ಆ ಮೂರು ಅಂಶಗಳು ಯಾವುವೆಂದು ನನಗೆ ಇನ್ನೂ ಹೊಳೆದಿಲ್ಲ.